ಉಪ್ಪಿಲ್ಲದ ಹೊಸತೊಡಕು

ಮೊನ್ನೆ ಹೊಸತೊಡಕಿನ ಬೆಳಿಗ್ಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಬೀಜ ಚಟಗುಟ್ಟಿ ಘಮ ಏಳುತ್ತಿದ್ದಂತೆ ಹಳೆಯ ಕಳವಳವೊಂದು ಎದ್ದು ಕೂತಿತು. ಮಸಾಲೆಯ ಘಮಕ್ಕೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಅದು ಎಷ್ಟೋ ವರ್ಷ, ಇವತ್ತಿನ ದಿನ ಹೇಗೆ ಕಳೆಯುತ್ತದೋ ಎಂಬ ಭಯದ ವಾಸನೆಯಾಗಿತ್ತು. ಭಯ ಹೋಗಿ ಎರಡು ವರ್ಷವಾಯಿತು, ಮೂಗಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಯುಗಾದಿಯ ಹೋಳಿಗೆ ಮುಗಿದ ಮಾರನೆಯ ದಿನ ಹೊಸತೊಡಕು, ಬಾಡೂಟದ ದಿನ. ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನಾವು ಮೂವರು, ಅಂದರೆ ನಾನು, ನಮ್ಮ ಮನೆಯವರು, ಮಗಳು ಸಿಂಚನ, ಆ ದಿನ ಭದ್ರಾವತಿಗೆ ಹೋಗುವುದು ನನ್ನ ಮದುವೆಯಾದಾಗಿನಿಂದ ನಡೆದು ಬಂದದ್ದು. ಅಲ್ಲಿ ಇವರ ಅಣ್ಣನ ಮನೆ. ಭಾವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿ ಸರೋಜಕ್ಕ ನನಗೆ ಓರಗಿತ್ತಿಯಾದರೂ ಸ್ವಂತ ಅಕ್ಕನಿಗಿಂತ ಹೆಚ್ಚು.

ಆ ಮನೆಯ ಹೊಸತೊಡಕಿಗೆ ಒಂದು ಕ್ರಮವಿತ್ತು. ಹನ್ನೊಂದು ಗಂಟೆಗೆ ಗಂಡಸರು ತಾರಸಿ ಹತ್ತುತ್ತಿದ್ದರು. ನಾವು ಹುರಿದ ಲಿವರಿನ ಮೊದಲ ತಟ್ಟೆ ಅವರ ಹಿಂದೆಯೇ ಮೇಲಕ್ಕೆ ಹೋಗಬೇಕು. ಆಮೇಲೆ ನಿಂಬೆಹಣ್ಣು, ಈರುಳ್ಳಿ, ತಣ್ಣೀರು, ಮತ್ತೊಂದು ತಟ್ಟೆ. ಅವರು ಇಳಿದು ಬಂದು ಉಂಡ ಮೇಲೆ ನಮ್ಮ ಊಟ. ನಾಲ್ಕು ಗಂಟೆಗೆ ಮುದ್ದೆ ಕಲ್ಲಾಗಿರುತ್ತಿತ್ತು, ಸಾರಿನ ಮೇಲೆ ಕೊಬ್ಬು ಕೆನೆಗಟ್ಟಿರುತ್ತಿತ್ತು. ಬಿಸಿ ಮಟನ್ ಸಾರು ಅಂದರೆ ಏನೆಂಬುದು ಅದನ್ನು ಮಾಡಿದವರಿಗೇ ಗೊತ್ತಿರಲಿಲ್ಲ.

ಇವರು ಕುಡಿದರೆ ಜಗಳವಾಡುತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಳುತ್ತಿದ್ದರು. ಎದುರು ಸಿಕ್ಕವರನ್ನೆಲ್ಲ ತಬ್ಬಿ ಕ್ಷಮಿಸು ಎನ್ನುತ್ತಿದ್ದರು, ಆಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಮಲಗಿಬಿಡುತ್ತಿದ್ದರು. ಸಂಜೆ ಬಸ್ಸಿಗೆ ನಾನು ಇವರ ತೋಳು ಹಿಡಿದು ನಡೆದರೆ, ಸಿಂಚನ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಬರುತ್ತಿದ್ದಳು. ಮುರ್ಡೇಶ್ವರಕ್ಕೆ ಎರಡು ದಿನ ರಜೆಗೆಂದು ಹೋದಾಗಲೂ ಹೀಗೇ. ನಾವು ಸಮುದ್ರ ನೋಡಿದೆವು, ಇವರು ಲಾಡ್ಜಿನ ಫ್ಯಾನ್ ನೋಡಿದರು. ಅಪ್ಪನಿಗೆ ತಲೆನೋವು ಎಂದು ಮಗಳಿಗೆ ಹೇಳಿ, ಮರಳಲ್ಲಿ ಕೂತು ಅವಳ ಜೊತೆ ಕಪ್ಪೆಚಿಪ್ಪು ಆರಿಸಿದೆ. ಸುಳ್ಳು ಹೇಳಿ ಹೇಳಿ ನನಗೆ ಅದರಲ್ಲೊಂದು ಕೈಚಳಕವೇ ಬಂದುಬಿಟ್ಟಿತ್ತು. ತಲೆನೋವು, ಗ್ಯಾಸ್ಟ್ರಿಕ್, ರಾತ್ರಿ ನಿದ್ದೆಯಿಲ್ಲ, ಬಿಸಿಲು ತಾಗಿದೆ. ಯಾವ ಮನೆಗೆ ಯಾವ ಕಾಯಿಲೆ ಹೇಳಿದ್ದೆ ಎಂಬುದನ್ನು ನೆನಪಿಟ್ಟುಕೊಳ್ಳುವುದೇ ನನ್ನ ದೊಡ್ಡ ವಿದ್ಯೆಯಾಗಿತ್ತು.

ಇವರು ಬಿಟ್ಟದ್ದು ಒಂದು ದಿನದಲ್ಲಲ್ಲ. ಆದರೆ ಶುರುವಾದದ್ದು ಒಂದು ಬೆಳಿಗ್ಗೆ. ಸಿಂಚನಳಿಗೆ ಜಡೆ ಹಾಕುತ್ತಾ, ದಸರಾ ರಜೆಗೆ ಜೋಗಕ್ಕೆ ಹೋಗೋಣವೇ ಎಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡದೆ ಅವಳು, "ಅಪ್ಪ ಬರೋದಾದ್ರೆ ನಾನು ಬರಲ್ಲಮ್ಮ," ಎಂದಳು. ಕೋಪವಿಲ್ಲ, ಅಳುವಿಲ್ಲ, ನಾಳೆ ಸ್ಕೂಲಿಲ್ಲ ಎನ್ನುವಷ್ಟು ಸಲೀಸಾಗಿ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಇವರು ಕೇಳಿಸಿಕೊಂಡಿದ್ದರು. ಅದಾದ ವಾರದಲ್ಲಿ ನನ್ನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದರು. ಮಾತ್ರೆ, ಸಲಹೆ, ನಡುಗುವ ಕೈ, ನಿದ್ದೆಯಿಲ್ಲದ ವಾರಗಳು, ಒಮ್ಮೆ ಜಾರಿದ್ದು, ಮತ್ತೆ ಎದ್ದದ್ದು. ಅದನ್ನೆಲ್ಲ ಬರೆಯುತ್ತಾ ಹೋದರೆ ನಿಮಗೂ ಬೇಸರ, ನನಗೂ ಬೇಸರ. ಯುಗಾದಿ ಹತ್ತಿರ ಬಂದಾಗ ಐದು ತಿಂಗಳು ದಾಟಿತ್ತು.

ಆಗ ನನಗೆ ಒಂದೇ ಯೋಚನೆ. ಈ ಐದು ತಿಂಗಳು ಭದ್ರಾವತಿಯ ತಾರಸಿಯ ಮೇಲೆ ಒಂದು ಗಂಟೆ ಉಳಿಯುತ್ತದೆಯೇ? ಹೋಗದೆ ಇರೋಣವೆಂದರೆ ಇವರು ಒಪ್ಪಲಿಲ್ಲ, ಅಣ್ಣ ಬೇಜಾರು ಮಾಡ್ಕೊಳ್ತಾನೆ ಎಂದರು. ನೀವೂ ನೋಡಿರುತ್ತೀರಿ, ನಮ್ಮ ಕಡೆ ಯಾರಾದರೂ ಸುಮ್ಮನೆ ಕುಡಿಯುವುದಿಲ್ಲ ಎಂದರೆ ಯಾರೂ ಬಿಡುವುದಿಲ್ಲ. ಮಾಲೆ ಹಾಕಿರಬೇಕು, ಇಲ್ಲವೇ ಮಾತ್ರೆ ನುಂಗುತ್ತಿರಬೇಕು. ಮಾಲೆಯ ಕಾಲ ಅದಲ್ಲ. ಹಾಗಾಗಿ ನನ್ನ ಹಳೇ ವಿದ್ಯೆ ಹೊರಗೆ ತೆಗೆದೆ. ಒಂದು ವಾರ ಮುಂಚೆ ಸರೋಜಕ್ಕನಿಗೆ ಫೋನ್ ಮಾಡಿ, ಇವರಿಗೆ ಕಾಮಾಲೆಯಾಗಿದೆ, ಆಯನೂರಿನ ಕಡೆ ಒಬ್ಬರ ಹತ್ತಿರ ನಾಟಿ ಔಷಧಿ ತಗೊಳ್ತಿದಾರೆ, ಒಂದು ತೊಟ್ಟೂ ಮುಟ್ಟುವ ಹಾಗಿಲ್ಲ ಎಂದು ಹೇಳಿದೆ. ಇವರಿಗೆ ಹೇಳಲಿಲ್ಲ. ಬಾಟಲಿಯ ಎದುರು ಕಾಮಾಲೆ ಒಳ್ಳೆ ಗೋಡೆ ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ. ನಾಟಿ ಔಷಧಿಗೆ ಪಥ್ಯವಿರುತ್ತದೆ, ಉಪ್ಪು, ಖಾರ, ಎಣ್ಣೆ ಯಾವುದೂ ಕೂಡದು ಎಂಬುದು ಮಾತ್ರ ನನಗೆ ಮರೆತೇಹೋಗಿತ್ತು.

ಸರೋಜಕ್ಕನಿಗೆ ಮರೆತಿರಲಿಲ್ಲ.

ನಾವು ಗೇಟು ದಾಟುವಷ್ಟರಲ್ಲಿ ಭಾವ ಬಂದು ಇವರನ್ನು ಬಿಸಿಲಿಗೆ ಎಳೆದು ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಸ್ವಲ್ಪ ಹಳದಿ ಇದೆ ಎಂದೂ ಹೇಳಿಬಿಟ್ಟರು. ಪಕ್ಕದ ಮನೆಯ ಸೆಲ್ವಣ್ಣ, ಭಾವನ ಜೊತೆ ಕಾರ್ಖಾನೆಯಲ್ಲಿದ್ದವರು, ತಾರಸಿಯ ಖಾಯಂ ಸದಸ್ಯರು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಲೋಟ ಹಿಡಿದು ನಿಂತಿದ್ದರು. "ಕಣ್ಣು ಮುಚ್ಚಿ ಕುಡಿದುಬಿಡು ತಂಬಿ. ನಮ್ಮಮ್ಮ ಇದ್ರಲ್ಲೇ ಎಷ್ಟು ಜನಕ್ಕೆ ವಾಸಿ ಮಾಡಿದಾರೆ." ಇವರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಎಲ್ಲ ಅರ್ಥವಾಯಿತು ಇವರಿಗೆ. ಆದರೂ ನನ್ನ ಮಾನ ಉಳಿಸಲು ಆ ಹಸಿರು ಕಹಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು.

ತಮ್ಮನಿಗೆ ಹುಷಾರಿಲ್ಲ ಎಂದು ಭಾವ ಅವತ್ತು ಮೊದಲು ಊಟ, ತಾರಸಿ ಆಮೇಲೆ ಎಂದರು. ಮಧ್ಯಾಹ್ನ ಒಂದು ಗಂಟೆಗೆ, ಆ ಮನೆಯಲ್ಲಿ ಮೊದಲ ಸಲ, ಗಂಡಸರು ಹೆಂಗಸರು ಒಟ್ಟಿಗೆ ಚಾಪೆ ಮೇಲೆ ಕೂತೆವು. ಎಲ್ಲರ ತಟ್ಟೆಗೂ ಬಿಸಿ ಮುದ್ದೆ, ಕೆಂಪಗೆ ಕುದಿಯುವ ಸಾರು. ಇವರ ತಟ್ಟೆಗೆ ಉಪ್ಪಿಲ್ಲದ ಗಂಜಿ. ಪಕ್ಕದಲ್ಲಿ ನೆಂಜಿಕೊಳ್ಳಲು ಬೇಯಿಸಿದ ಪಡವಲಕಾಯಿ, ಅದಕ್ಕೂ ಉಪ್ಪಿಲ್ಲ. ಸಿಂಚನ ಅಪ್ಪನ ಪಕ್ಕ ಕೂತಿದ್ದಳು. ಇವರು ಎರಡು ತುತ್ತು ನುಂಗಿದರು. ಮೂರನೆಯದನ್ನು ಬಾಯಿಗಿಡದೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು.

"ಅಣ್ಣ, ನನಗೆ ಕಾಮಾಲೆ ಇಲ್ಲ. ಕುಡಿಯೋದು ಬಿಟ್ಟಿದೀನಿ. ಐದು ತಿಂಗಳಾಯ್ತು."

ಸರೋಜಕ್ಕನ ಸೌಟು ಪಾತ್ರೆಯಲ್ಲೇ ನಿಂತಿತು. ಭಾವ ನಕ್ಕರು. ಆ ನಗುವನ್ನು ನೆನೆದೇ ನಾನು ವಾರವಿಡೀ ಬೆವೆತಿದ್ದೆ. "ಅಷ್ಟೇನಾ? ಬಿಡು, ಒಳ್ಳೇದೇ. ಆದ್ರೆ ವರ್ಷಕ್ಕೊಂದು ಹಬ್ಬ ಮಾರಾಯ, ಇವತ್ತು ಒಂದು ಪೆಗ್ ತಗೊಂಡ್ರೆ ಏನಾಗ್ತದೆ?"

"ಒಂದಕ್ಕೆ ನಿಲ್ಸೋಕೆ ಆಗೋ ಹಾಗಿದ್ರೆ ಬಿಡೋದೇ ಬೇಕಿರ್ಲಿಲ್ಲಣ್ಣ." ಇವರ ದನಿ ಏರಲಿಲ್ಲ. "ಇವಳ ಕೈಯಲ್ಲಿ ಇನ್ನು ನನ್ನ ಚಪ್ಪಲಿ ಹೊರಿಸಲ್ಲ," ಎಂದು ಸಿಂಚನಳ ತಲೆ ಮೇಲೆ ಎಡಗೈ ಇಟ್ಟರು.

ಭಾವನ ನಗು ಮುಖದಲ್ಲೇ ಎಲ್ಲೋ ಕರಗಿತು. ಅವರು ತಟ್ಟೆ ನೋಡುತ್ತಾ ಬಹಳ ಹೊತ್ತು ಮುದ್ದೆ ಮುರಿದರು, ಬಾಯಿಗಿಡಲಿಲ್ಲ. ಆಮೇಲೆ ಹೆಂಡತಿಗೆ, ಇನ್ನೂ ಏನು ನೋಡ್ತಿದೀಯ, ಅವನಿಗೆ ಸಾರು ಬಡಿಸು, ಮೂಳೆ ಜಾಸ್ತಿ ಹಾಕು ಎಂದರು. ಗಂಜಿಯ ತಟ್ಟೆಯನ್ನು ಸರೋಜಕ್ಕ ನನ್ನ ಮುಂದೆ ತಂದು ಇಟ್ಟರು. "ಅದನ್ನೇ ಹೇಳೋದಲ್ವಾ ಮಾರಾಯ್ತಿ? ಒಂದು ವಾರದಿಂದ ಗುಡೀಲಿ ಅಮ್ಮನಿಗೆ ತುಪ್ಪದ ದೀಪ ಹಚ್ಚಿದೀನಿ ನಾನು. ತಗೋ, ಪಥ್ಯ ನೀನು ಮಾಡು." ಸೆಲ್ವಣ್ಣನಿಗೆ ನಗು ತಡೆಯಲಾಗದೆ ಸಾರು ನೆತ್ತಿಗೇರಿತು. ನಾನು ಆ ಗಂಜಿಯನ್ನು ಪೂರ್ತಿ ಉಂಡೆ. ಪಡವಲಕಾಯಿ ಸಮೇತ. ಪಕ್ಕದಲ್ಲಿ ಇವರು ಮೂಳೆ ಚೀಪುವ ಸದ್ದು ಕೇಳುತ್ತಾ ಉಂಡದ್ದರಿಂದಲೋ ಏನೋ, ಅದು ಅಷ್ಟೇನೂ ಸಪ್ಪೆ ಅನ್ನಿಸಲಿಲ್ಲ.

ಊಟವಾದ ಮೇಲೆ ಭಾವ, ಸೆಲ್ವಣ್ಣ ತಾರಸಿಗೆ ಹೋದರು. ಹೋಗಲಿಲ್ಲ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹೋದರು. ಅರ್ಧ ಗಂಟೆಗೆ ಇಳಿದು ಬಂದರು. ಇಬ್ಬರೇ ಕೂತ್ರೆ ಮಾತೇ ಹೊರಡಲ್ಲ ಎಂದು ಸೆಲ್ವಣ್ಣ ಗೊಣಗಿದರು. ಕೆಳಗೆ ನಮಗೆ ಬೇರೆಯೇ ಕಷ್ಟ ಎದುರಾಗಿತ್ತು. ಗಂಟೆ ಇನ್ನೂ ಮೂರು, ಪಾತ್ರೆ ತೊಳೆದಾಗಿತ್ತು, ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ, ಯಾರ ವಾಂತಿಯನ್ನೂ ತೊಳೆಯಬೇಕಾಗಿರಲಿಲ್ಲ. ಹೊಸತೊಡಕಿಗೆ ಸಂಜೆ ಎಂಬುದೊಂದು ಇರುತ್ತದೆಂದು ನಮಗೆ ಗೊತ್ತೇ ಇರಲಿಲ್ಲ. ಅದನ್ನು ಏನು ಮಾಡಬೇಕೆಂದೂ ತಿಳಿಯದೆ ಮುಖ ಮುಖ ನೋಡಿಕೊಂಡು ಕೂತೆವು.

ಸೋಗಾನೆಯ ವಿಮಾನ ನಿಲ್ದಾಣದ ಹತ್ತಿರ ಹೋಗಿ ವಿಮಾನ ನೋಡೋಣ ಎಂದದ್ದು ಸಿಂಚನ. ಭಾವ, ಸೆಲ್ವಣ್ಣ ಕುಡಿದಿದ್ದರಿಂದ ಇಬ್ಬರ ಸ್ಕೂಟರಿನ ಬೀಗದ ಕೈಯನ್ನೂ ಇವರೇ ಕಿತ್ತುಕೊಂಡು ಎರಡು ಆಟೋ ಕರೆದರು. ಒಂದು ಕಾಲದಲ್ಲಿ ತಾವೇ ಎತ್ತಿಸಿಕೊಂಡು ಹೋಗುತ್ತಿದ್ದವರು! ರಸ್ತೆ ಬದಿಯಲ್ಲಿ ನಮ್ಮ ಹಾಗೆಯೇ ಬಂದ ಸಂಸಾರಗಳು ಬೇಲಿ ನೋಡುತ್ತಾ ನಿಂತಿದ್ದವು. ಮಂಡಕ್ಕಿ ತಿನ್ನುತ್ತಾ ಕಾದೆವು. ಕೊನೆಗೂ ವಿಮಾನ ಬಂತು, ಒಂದು ನಿಮಿಷವೂ ಆಗಲಿಲ್ಲ, ಇಳಿದು ಕಟ್ಟಡದ ಹಿಂದೆ ಹೋಯಿತು. ಅಷ್ಟಕ್ಕೆ ಸಿಂಚನ ಅಪ್ಪನ ತೋಳು ಜಗ್ಗಿ, ಚಕ್ರ ಬಿಚ್ಚಿದ್ದು ನೋಡಿದ್ಯಾ ಎಂದು ಕೇಳಿದಳು. ನೋಡಿದೆ ಎಂದರು ಇವರು. ಅವರು ನಿಜವಾಗಿಯೂ ನೋಡಿದ್ದರು.

ಮೊನ್ನೆಯ ಮಾತಿಗೆ ಬರುತ್ತೇನೆ. ಈ ಸಲ ಇವರು ಬೆಳಿಗ್ಗೆ ಏಳಕ್ಕೇ ಒಬ್ಬರೇ ಬಸ್ಸು ಹತ್ತಿ ಭದ್ರಾವತಿಗೆ ಹೋಗಿದ್ದರು. ಅಣ್ಣನ ಜೊತೆ ಮಟನ್ ಅಂಗಡಿಯಲ್ಲಿ ಸಾಲು ನಿಲ್ಲಬೇಕಂತೆ. ನಾನು, ಸಿಂಚನ ಮಸಾಲೆ ಪುಡಿ ಮಾಡಿ ತೆಗೆದುಕೊಂಡು ಹತ್ತಕ್ಕೆ ಹೊರಡುವುದೆಂದು ಮಾತು. ಮಿಕ್ಸಿ ಹಾಕುತ್ತಿದ್ದಾಗ ಇವರ ಫೋನ್ ಬಂತು. ಸಾರಿಗೆ ಕೊಬ್ಬರಿಯೋ ಹಸಿ ಕಾಯಿಯೋ, ಅತ್ತಿಗೆ ಕೇಳ್ತಿದಾರೆ ಎಂದರು. ಕೊಬ್ಬರಿ, ಸುಟ್ಟು ಹಾಕಲಿ ಎಂದೆ. ಆಯ್ತು ಎಂದು ಇಟ್ಟರು.

ನಿಮಗೊಂದು ಮಾತು ಹೇಳಬೇಕು. ಹದಿನೈದು ವರ್ಷ ಇವರ ಫೋನ್ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದುದು ಮಾತನ್ನಲ್ಲ. ನಾಲಿಗೆ ತೊದಲುತ್ತಿದೆಯೇ, ದನಿ ಭಾರವಾಗಿದೆಯೇ, ಹಿಂದೆ ಯಾರು ನಗುತ್ತಿದ್ದಾರೆ, ಇದನ್ನು. ಇವರು ಎರಡು ವರ್ಷದಿಂದ ಕುಡಿಯದಿದ್ದರೂ ಆ ಚಾಳಿ ನನ್ನನ್ನು ಬಿಟ್ಟಿರಲಿಲ್ಲ. ಮೊನ್ನೆ ಮಿಕ್ಸಿಯ ಮುಚ್ಚಳ ತೆಗೆಯುವಾಗ ಹೊಳೆಯಿತು, ಇವರ ದನಿ ಹೇಗಿತ್ತೆಂದು ನನಗೆ ನೆನಪೇ ಇರಲಿಲ್ಲ. ನಾನು ಕೊಬ್ಬರಿಯ ವಿಷಯವನ್ನಷ್ಟೇ ಕೇಳಿಸಿಕೊಂಡಿದ್ದೆ.