ಮುನಿಶಾಮಣ್ಣನ ಬಲಗಾಲು

ಮುನಿಶಾಮಣ್ಣ ಲಾರಿ ಹತ್ತಿ ಕೂತೊಡನೆ ಬಲಗಾಲಿನ ಚಪ್ಪಲಿಯನ್ನು ಕಳಚಿ ಸೀಟಿನ ಕೆಳಗೆ ತಳ್ಳುತ್ತಿದ್ದ. ಎಡಗಾಲಿನದು ಕಾಲಲ್ಲೇ ಇರುತ್ತಿತ್ತು. ಬ್ರೇಕ್ ತುಳಿಯುವ ಕಾಲು ಬರಿಗಾಲಾಗಿರಬೇಕು ಎನ್ನುವುದು ಅವನ ಶಾಸ್ತ್ರ. ಆ ಒಂದು ಕಾಲಿಗೆ ದಿನವೂ ಹರಳೆಣ್ಣೆ ತಿಕ್ಕುತ್ತಿದ್ದ. ಎಡಗಾಲಿನ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದರೆ, ಬಲಗಾಲು ಮದುಮಗಳ ಪಾದದಂತೆ ನುಣ್ಣಗಿತ್ತು. "ಎಡಗಾಲು ಕೂಲಿ ಆಳು, ಕ್ಲಚ್ ಒತ್ತೋಕೆ. ಬಲಗಾಲು ಯಜಮಾನ," ಎನ್ನುತ್ತಿದ್ದ. ಟೈರಿನ ಕೆಳಗೆ ಸಿಕ್ಕಿದ್ದು ಕಲ್ಲೋ ಕಡ್ಡಿಯೋ ಎಂದು ಆ ಕಾಲಿಗೆ ತಿಳಿಯುತ್ತದೆ ಎಂದೂ ಹೇಳುತ್ತಿದ್ದ. ನಾನು ನಂಬಿರಲಿಲ್ಲ. ಈಗ ನಂಬುತ್ತೇನೋ ಎಂದು ಕೇಳಿಕೊಂಡರೆ, ಕಾಲಿನ ಬಗ್ಗೆ ಗೊತ್ತಿಲ್ಲ, ಅವನನ್ನು ನಂಬುತ್ತೇನೆ.

ಅವನನ್ನು ಕಂಡದ್ದು ಎರಡು ಸಾವಿರದ ಎಂಟರ ಆಸುಪಾಸಿನಲ್ಲಿ. ಮನಃಶಾಸ್ತ್ರದ ಎಂ.ಎ. ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಮನೆಯ ನಡುಕೋಣೆಯಲ್ಲಿ ದಿಂಬು ಹಾಕಿಕೊಂಡಿದ್ದ ಕಾಲ. ಬೆಂಗಳೂರಿನ ಒಂದು ಸಂಶೋಧನಾ ತಂಡ ಕೆಲವು ಲಾರಿಗಳಿಗೆ ಹೊರದೇಶದ ಒಂದು ಸಾಧನವನ್ನು ಪ್ರಯೋಗಕ್ಕೆಂದು ಕೂರಿಸಿತ್ತು. ಮುಂದಿನ ಬಂಪರಿನಲ್ಲಿ ಅದರ ಕಣ್ಣು, ಡ್ರೈವರ್ ಎದುರಿಗೆ ಒಂದು ಕಪ್ಪು ಪೆಟ್ಟಿಗೆ. ಎದುರಿಗೆ ಏನಾದರೂ ತೀರಾ ಹತ್ತಿರ ಬಂದರೆ ಪೆಟ್ಟಿಗೆ ಮೊದಲು ಕೀಂ ಕೀಂ ಎಂದು ಕೂಗುತ್ತಿತ್ತು. ಡ್ರೈವರ್ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತಿತ್ತು. ಹೀಗೆ ತನ್ನಷ್ಟಕ್ಕೆ ಬ್ರೇಕ್ ಬೀಳುವ ಗಾಡಿಯಲ್ಲಿ ಡ್ರೈವರಿಗೆ ಏನನ್ನಿಸುತ್ತದೆ ಎಂದು ಕೇಳಿ ತಿಳಿಯುವುದು ನನ್ನ ಕೆಲಸ. ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಯ ಕಾರ್ಖಾನೆಗಳಲ್ಲಿ ಸರಕು ತುಂಬಿ ಲಾರಿ ಹೊರಟಾಗ ನಾನೂ ಹತ್ತಿಕೊಂಡು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ, ಚಿಂತಾಮಣಿಯಲ್ಲಿ ಇಳಿಯುತ್ತಿದ್ದೆ. ಮುನಿಶಾಮಣ್ಣನ ಮನೆ ಇದ್ದದ್ದು ಅಲ್ಲೇ. ಊಟ ಮುಗಿಸಿ ಅವನು ಆಂಧ್ರದ ಕಡೆ ಹೋಗುತ್ತಿದ್ದ. ನಾನು ಬಸ್ಸಿನಲ್ಲಿ ಅಕ್ಕನ ಮನೆಗೆ.

ಉಳಿದ ಡ್ರೈವರುಗಳು ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಿದ್ದರು. ಮುನಿಶಾಮಣ್ಣ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

"ಅದು ಕೂಗಿದಾಗ ನಿಮಗೆ ಏನನ್ನಿಸುತ್ತೆ?"

"ಏನನ್ಸತ್ತೆ? ಕೂಗ್ತು ಅನ್ಸತ್ತೆ."

"ತಾನೇ ಬ್ರೇಕ್ ಹಾಕಿದಾಗ?"

"ನಿಲ್ತು ಅನ್ಸತ್ತೆ. ಬರ್ಕಳಿ ಮೇಡಂ."

ಬಾಯಿ ಬಿಡುತ್ತಿರಲಿಲ್ಲ ಎಂದೆನಲ್ಲ, ಅದು ತಪ್ಪು. ನನ್ನ ಜೊತೆ ಬಿಡುತ್ತಿರಲಿಲ್ಲ. ಪೆಟ್ಟಿಗೆಯ ಜೊತೆ ದಾರಿಯುದ್ದಕ್ಕೂ ಮಾತು. ಅದಕ್ಕೆ ಅವನಿಟ್ಟ ಹೆಸರು ಅಳಿಯ. ದುಡಿಯದೆ, ದಣಿಯದೆ, ಬಂದ ದಿನವೇ ಮನೆಯ ಮೇಲುಮಣೆ ಹಿಡಿದು ಕೂತವನು ಇನ್ನೇನಾಗಲು ಸಾಧ್ಯ? "ಏನ್ ಅಳಿಯಂದ್ರೆ, ಎದ್ರಾ? ಅದು ಎಮ್ಮೆ ಕಣಪ್ಪ. ನಿಮ್ಮ ದೇಶದಾಗೆ ಎಮ್ಮೆ ಇಲ್ವಾ?" ಎನ್ನುತ್ತಿದ್ದ. ಸಿಟ್ಟು ಹೆಚ್ಚಾದರೆ ತೆಲುಗು. "ಏಮಯ್ಯಾ ಅಲ್ಲುಡೂ, ಮಾವನಿಗೇ ಬುದ್ಧಿ ಹೇಳ್ತೀಯಾ?" ಎಂದು ಪೆಟ್ಟಿಗೆಯ ತಲೆಗೆ ಒಂದು ಮೊಟಕುತ್ತಿದ್ದ. ನಾನು ಪಕ್ಕದಲ್ಲಿ ಪ್ರಶ್ನೆಗಳನ್ನು ಮಡಿಲಲ್ಲಿಟ್ಟುಕೊಂಡು, ಕರೆಯದ ಮದುವೆಗೆ ಬಂದವಳಂತೆ ಕೂತಿರುತ್ತಿದ್ದೆ. ಒಂದು ಕಪ್ಪು ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚುಪಟ್ಟ ಮೊದಲ ಎಂ.ಎ. ಪದವೀಧರೆ ನಾನೇ ಇರಬೇಕು.

ಪೆಟ್ಟಿಗೆಯ ಮೇಲೆ ಅವನಿಗೂ ಇದ್ದ ಹೊಟ್ಟೆಕಿಚ್ಚು ನನಗೆ ಅರ್ಥವಾದದ್ದು ಅವನ ಹೆಂಡತಿ ರತ್ನಮ್ಮನನ್ನು ಕಂಡ ಮೇಲೆ. ಆಕೆಯ ತಂದೆಯೂ ಲಾರಿ ಡ್ರೈವರ್. ಆಕೆ ಚಿಕ್ಕವಳಿದ್ದಾಗ ಲೋಡು ಹಾಕಿಕೊಂಡು ಹೋದವರು ವಾಪಸು ಬರಲಿಲ್ಲ. ಅಂದಿನಿಂದ ಮನೆಯ ಗಂಡಸು ರಸ್ತೆಯ ಮೇಲಿದ್ದರೆ ಆಕೆಗೆ ನಿದ್ದೆ ಇಲ್ಲ. ಮದುವೆಯಾದಾಗಿನಿಂದ ಗಂಡ ಹೊರಟರೆ ಗೋಡೆಗೆ ಒರಗಿ ಕೂತುಬಿಡುವುದು, ಅವನು ಬಂದು ಮಲಗಿದ ಮೇಲೆ ತಾನು ಮಲಗುವುದು. ಪೆಟ್ಟಿಗೆ ಬಂದಿತು. ಅದೇನು ಮಾಡುತ್ತದೆ ಎಂದು ನಾನೇ ಆಕೆಗೆ ಬಿಡಿಸಿ ಹೇಳಿದೆ. ಮುಂದಿನ ಸಲ ಹೋದಾಗ ಆಕೆಯ ಮುಖವೇ ಬೇರೆಯಾಗಿತ್ತು, ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು.

"ಒಳ್ಳೇ ನಿದ್ದೆ ಬತ್ತದಮ್ಮ," ಎಂದಳು. "ಅದೊಂದು ಐತಲ್ಲ, ನೋಡ್ಕಳತ್ತೆ."

ಮುನಿಶಾಮಣ್ಣ ಹೊರಗೆ ಕಾಲು ತೊಳೆಯುತ್ತಿದ್ದ. ಚೊಂಬನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟ ಸದ್ದು ಕೇಳಿಸಿತು.

ಅವತ್ತು ಮೊದಲ ಬಾರಿಗೆ ಅವನು ನನ್ನ ಜೊತೆ ಮಾತಾಡಿದ. "ಇಷ್ಟ್ ವರ್ಷ ಈ ಕಾಲು ಒಂದ್ ಕೋಳೀನೂ ಹೊಡೆದಿಲ್ಲ. ಇವಳು ಒಂದಿನಾನೂ ಕಣ್ಣು ಮುಚ್ಲಿಲ್ಲ. ಅವನ್ಯಾರೋ ಮೊನ್ನೆ ಬಂದ, ಇವಳು ಗೊರ್ಕೆ ಹೊಡೀತಾಳೆ! ನಾನೇನಮ್ಮ ಹಂಗಾದ್ರೆ? ಸ್ಟೇರಿಂಗಿಗೆ ಕಟ್ಟಿದ ನಿಂಬೆಹಣ್ಣಾ?"

ಅವನಿಗೆ ಬೇಕಿದ್ದದ್ದು ಇಷ್ಟೇ: ಹೆಂಡತಿ ನಿಶ್ಚಿಂತೆಯಿಂದ ಮಲಗಬೇಕು, ತನ್ನ ಕಾಲನ್ನು ನಂಬಿ ಮಲಗಬೇಕು.

ಆಯುಧಪೂಜೆಯ ದಿನ ಅದಕ್ಕೊಂದು ಅವಕಾಶ ಸಿಕ್ಕಿತು ಅಂದುಕೊಂಡ. ಲಾರಿ ಮಾಲೀಕರಾದ ಶಿಡ್ಲಘಟ್ಟದ ಸಾಹೇಬರು ತಮ್ಮ ಗಾಡಿಗಳ ಪೂಜೆಯನ್ನು ತಪ್ಪಿಸಿದವರಲ್ಲ. ಕಡ್ಲೆಪುರಿಯ ಮೂಟೆ, ಸಿಹಿ ಎಲ್ಲ ಅವರದೇ. ಮುನಿಶಾಮಣ್ಣ ಬ್ರೇಕ್ ಪೆಡಲಿಗೆ ಅರಿಶಿನ ಕುಂಕುಮ ಇಟ್ಟ. ತನ್ನ ಬಲಗಾಲಿನ ಹೆಬ್ಬೆರಳಿಗೂ ಒಂದು ಬೊಟ್ಟು ಇಟ್ಟುಕೊಂಡ.

"ಕ್ಯಾ ಮುನಿಶಾಮಿ, ಪೆಟ್ಟಿಗೇಗೆ ಇಲ್ವಾ?" ಎಂದರು ಸಾಹೇಬರು.

"ಅಳಿಯಂಗೆ ಆರತಿ ಎತ್ತೋದು ಅತ್ತೆ ಕೆಲ್ಸ ಸಾಹೇಬ್ರೆ."

ಅವನು ಕುಚೋದ್ಯಕ್ಕೆ ಅಂದದ್ದು. ರತ್ನಮ್ಮ ನಿಜವಾಗಿ ಲಾರಿ ಹತ್ತಿ, ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿ, ಕುಂಕುಮವಿಟ್ಟು, ಹೂ ಮುಡಿಸಿ ಕೈಮುಗಿದಳು. ಸೇವಂತಿಗೆ ಎಂದು ನನ್ನ ನೆನಪು. ಚೆಂಡುಹೂವೂ ಇದ್ದಿರಬಹುದು. ಮುನಿಶಾಮಣ್ಣನ ಮುಖ ಮಾತ್ರ ಸ್ಪಷ್ಟವಾಗಿ ನೆನಪಿದೆ. ಹುಣಸೆಕಾಯಿ ಕಚ್ಚಿದವನ ಮುಖ.

ಪೂಜೆಯಾದ ಮೇಲೆ ಚಕ್ರದ ಕೆಳಗಿನ ನಿಂಬೆಹಣ್ಣು ಹಿಚುಕಿ ಲಾರಿ ಊರೊಳಗೆ ಒಂದು ಸುತ್ತು ಹೋಗುವುದು ಪದ್ಧತಿ. ಹಿಂದೆ ಸರಕು ತುಂಬುವ ಕಡೆ ಓಣಿಯ ಜನರೆಲ್ಲ ಹತ್ತಿ ನಿಂತಿದ್ದರು. ರತ್ನಮ್ಮ ಮುಂದೆ ನನ್ನ ಪಕ್ಕ. ಗಾಡಿ ಸ್ವಲ್ಪ ಓಟ ಹಿಡಿಯುವುದೇ ತಡ, ಪೆಟ್ಟಿಗೆ ಕೀಂ ಕೀಂ ಎಂದು ಕೂಗಿ ಗಕ್ಕನೆ ಬ್ರೇಕ್ ಹಾಕಿತು. ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಹಿಂದೆ ಜನ ಒಬ್ಬರ ಮೇಲೊಬ್ಬರು ಬಿದ್ದು, ಪುರಿಯ ಮೂಟೆ ಬಿಚ್ಚಿ, ಎಲ್ಲರ ತಲೆಯೂ ಬೆಳ್ಳಗಾಯಿತು. ಮತ್ತೆ ಹೊರಟೆವು. ಮತ್ತೆ ಅದೇ. "ಲೇ ಮುನಿಶಾಮಿ, ಪೂಜೆ ಮಾಡಿದ್ಯೋ ಮಾಟ ಮಾಡಿದ್ಯೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಇಳಿದು ನೋಡಿದರೆ, ಬಂಪರಿಗೆ ಕಟ್ಟಿದ್ದ ಬಾಳೆಕಂದಿನ ಎಲೆ ಗಾಳಿಗೆ ಬಾಗಿ ಸರಿಯಾಗಿ ಪೆಟ್ಟಿಗೆಯ ಕಣ್ಣಿನ ಮುಂದೆ ಆಡುತ್ತಿತ್ತು. ಸಾಧನ ಮಾಡಿದವರಿಗೆ ಹಿಮ, ಮಳೆ, ಮಂಜು ಎಲ್ಲ ಹೊಳೆದಿತ್ತು. ಗಾಡಿಗೆ ಬಾಳೆಕಂದು ಕಟ್ಟುವ ಜನ ಹೊಳೆದಿರಲಿಲ್ಲ.

ಮುನಿಶಾಮಣ್ಣ ನಡುರಸ್ತೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು ನಕ್ಕ ನಗು ಇನ್ನೂ ಕಿವಿಯಲ್ಲಿದೆ. "ನೋಡ್ದೇನೇ ರತ್ನಾ, ನಿನ್ನ ಅಳಿಯನ್ನ! ಬಾಳೆ ಎಲೆಗೆ ಎದರ್ಕತಾನೆ. ಊಟಕ್ಕೆ ಎಲೆ ಹಾಕಿದ್ರೂ ಓಡೋಗ್ತಾನೆ!"

ರತ್ನಮ್ಮ ನಗಲಿಲ್ಲ. ಬಾಗಿದ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೇಳಿದಳು, "ಎಲೆಗೇ ನಿಲ್ಲಿಸ್ತಲ್ಲ. ಇನ್ನು ಮನುಷ್ಯರಿಗೆ ನಿಲ್ಲಿಸ್ದೆ ಇರತ್ತಾ?"

ಅವನ ನಗು ಅರ್ಧಕ್ಕೇ ನಿಂತಿತು.

ಇನ್ನೊಂದು ಘಟನೆಯನ್ನು ಹೇಳಲು ನನಗೆ ಅಂಜಿಕೆ. ಅದರಲ್ಲಿ ನಾನೇ ಸಾಕ್ಷಿ, ಮತ್ತು ನಾನು ಒಳ್ಳೆಯ ಸಾಕ್ಷಿಯಲ್ಲ. ಶಿಡ್ಲಘಟ್ಟದ ಹೊರಗೆ ಹಿಪ್ಪುನೇರಳೆ ತೋಟಗಳ ನಡುವಿನ ರಸ್ತೆ. ಬೆಳಿಗ್ಗೆ. ಬೈಕಿನ ಹಿಂದೆ ರೇಷ್ಮೆಗೂಡಿನ ದೊಡ್ಡ ಚೀಲ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೊರಟ ಒಬ್ಬ ರೈತ, ತೋಟದ ದಾರಿಯಿಂದ ಎಡಕ್ಕೂ ಬಲಕ್ಕೂ ನೋಡದೆ ರಸ್ತೆಗೆ ಬಂದುಬಿಟ್ಟ. ಕೀಂ ಎಂದಿತು. ಲಾರಿ ನಿಂತಿತು. ಬೈಕು ಗಾಬರಿಯಲ್ಲಿ ವಾಲಿ ಬಿದ್ದು, ಚೀಲ ಒಡೆದು, ಗೂಡುಗಳು ನಮ್ಮ ಚಕ್ರದವರೆಗೂ ಉರುಳಿ ಬಂದವು. ರೈತ ಎದ್ದು ಮಂಡಿಯನ್ನು ಬಿಟ್ಟು ಗೂಡುಗಳನ್ನು ನೋಡಿಕೊಂಡ. ಅಂದರೆ ಅವನಿಗೇನೂ ಆಗಿರಲಿಲ್ಲ.

ಮುನಿಶಾಮಣ್ಣ ನನ್ನ ಕಡೆ ತಿರುಗಿದ.

"ನೋಡಿದ್ರಲ್ಲಮ್ಮ? ನನ್ ಕಾಲು ತಾನೆ? ಅದು ಕೂಗೋಕೆ ಮುಂಚೆ ನನ್ ಕಾಲು ಕೆಳಗಿತ್ತಲ್ಲ?"

ನಾನು ನೋಡುತ್ತಿದ್ದದ್ದು ಆ ಕಾಲನ್ನೇ, ಅದು ನಿಜ. ಕಾಲು ಇಳಿದದ್ದು ಕಂಡೆ, ಕೂಗಿದ್ದು ಕೇಳಿದೆ. ಯಾವುದು ಮೊದಲು? ಈಗ ಮನಸ್ಸಿನಲ್ಲಿ ಆ ಗಳಿಗೆಯನ್ನು ತಿರುಗಿಸಿದಾಗಲೆಲ್ಲ ಕಾಲೇ ಮೊದಲು ಇಳಿಯುತ್ತದೆ. ಅವನ ಮೇಲಿನ ಪ್ರೀತಿಯಿಂದ ನೆನಪೇ ಅದನ್ನು ಮುಂದಕ್ಕೆ ತಳ್ಳುತ್ತಿದೆಯೋ ಏನೋ. ಅವತ್ತು ನಾನು ಹೇಳಿದ್ದು, "ಎರಡೂ ಒಟ್ಟಿಗೇ ಆಯ್ತು ಅನ್ಸತ್ತೆ."

ಅವನು ಬಾಗಿಲು ತೆರೆದ. ಇಳಿದು ರೈತನ ಜೊತೆ ಗೂಡು ಆರಿಸತೊಡಗಿದ.

ಚಿಂತಾಮಣಿಯಲ್ಲಿ ರತ್ನಮ್ಮನಿಗೆ ವಿಷಯವನ್ನು ತಾನೇ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ, ಬಂಪರಿನ ಆ ಕಣ್ಣನ್ನು ಮುಟ್ಟಿ ತನ್ನ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಳಗೆ ಬಂದು ಗಂಡನಿಗೆ ಎರಡನೇ ಮುದ್ದೆ ಬಡಿಸಿದಳು. ಅವನು ಸಾರಿನಲ್ಲಿ ಮುದ್ದೆ ಹೊರಳಿಸುತ್ತ ಕೂತ. ನುಂಗಲಿಲ್ಲ.

ಕೆಲವು ತಿಂಗಳ ಮೇಲೆ ಪ್ರಯೋಗ ಮುಗಿಯಿತು. ಸಾಧನ ಕೊಟ್ಟವರು ವಾಪಸು ತೆಗೆದುಕೊಂಡರು. ಬಿಚ್ಚುವ ದಿನ ಮುನಿಶಾಮಣ್ಣ ಹಬ್ಬ ಮಾಡುತ್ತಾನೆಂದು ನಾನು ಎಣಿಸಿದ್ದೆ. ಅವನು ಪಕ್ಕದಲ್ಲಿ ಬೀಡಿ ಹಿಡಿದು ನಿಂತು, ಬೆಂಗಳೂರಿನಿಂದ ಬಂದಿದ್ದ ಮೆಕ್ಯಾನಿಕ್ಕನ್ನು ಕೇಳಿದ್ದು ಒಂದೇ ಮಾತು. "ಬ್ರೇಕು ಗೀಕು ಎಲ್ಲ ತಗಂಡೋಗಪ್ಪ. ಆ ಕೂಗೋದೊಂದನ್ನ ಬಿಟ್ಟೋಗಕ್ಕಾಗಲ್ವಾ?"

ಮೆಕ್ಯಾನಿಕ್ ನಕ್ಕ. ನಾನೂ ನಕ್ಕೆ. ಬೈಯಲು ಇನ್ನು ಯಾರಿದ್ದಾರೆ ಎಂಬ ಬೇಸರ ಅಂದುಕೊಂಡೆ.

ನನಗೆ ತುಮಕೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋಗುವ ಮುಂಚೆ ಹೇಳಿ ಬರೋಣವೆಂದು ಒಂದು ಮಧ್ಯಾಹ್ನ ಚಿಂತಾಮಣಿಗೆ ಹೋದೆ. ರತ್ನಮ್ಮ ಟೀ ಕೊಟ್ಟಳು. ಇನ್ನು ಮತ್ತೆ ಗೋಡೆಗೆ ಒರಗುವ ರಾತ್ರಿಗಳೇ ಅಲ್ಲವೇ ಎಂದು ನಾನು ಆಕೆಯ ಮುಖ ನೋಡುತ್ತಿದ್ದೆ. ಮುಖ ತಿಳಿಯಾಗಿಯೇ ಇತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಲಾರಿಯ ಸದ್ದು. ಮನೆಯೆದುರಿನ ಗೋಡೆಯ ಬಳಿ ಬಂದಾಗ, ಮೊದಲೆಲ್ಲ ಆಗುತ್ತಿದ್ದ ಹಾಗೆಯೇ, ಕೀಂ ಕೀಂ.

"ಬಂದ್ರು ನೋಡಿ ಅಳಿಯಂದ್ರು," ಎಂದು ರತ್ನಮ್ಮ ನಕ್ಕಳು. "ಬೇರೆ ಗಾಡಿಯೋವೆಲ್ಲ ಬಿಚ್ಕಂಡೋದ್ರಂತೆ. ಇವರ ಗಾಡೀದು ಮಾತ್ರ ಸಾಹೇಬ್ರು ಹೇಳಿ ಉಳಿಸ್ಕೊಂಡ್ರಂತೆ."

ನಾನು ಹೊರಗೆ ಬಂದು ಲಾರಿಯ ಮೆಟ್ಟಿಲು ಹತ್ತಿ ಇಣುಕಿದೆ. ಪೆಟ್ಟಿಗೆ ಇದ್ದ ಕಡೆ ಸ್ಕ್ರೂ ತೆಗೆದ ತೂತುಗಳು. ಕೆಳಗೆ, ಬ್ರೇಕ್ ಪೆಡಲಿನ ಪಕ್ಕದಲ್ಲಿ, ಮನೆಬಾಗಿಲಿಗೆ ಹಾಕುವಂಥ ಒಂದು ಬೆಲ್ಲಿನ ಗುಂಡಿ, ಅದರಿಂದ ಹೊರಟ ಒಂದು ವೈರು. ಗುಂಡಿಯ ಮೇಲೆ ಮುನಿಶಾಮಣ್ಣನ ಬಲಗಾಲಿನ ಹೆಬ್ಬೆರಳು.

"ಸುಮ್ನಿರಿ," ಎಂದ ಪಿಸುಮಾತಿನಲ್ಲಿ. "ಚೇಳೂರು ಸರ್ಕಲ್ಲಲ್ಲಿ ಹಾಕಿಸ್ದೆ. ಮುಂದೆ ಕಣ್ಣಿದ್ದ ಕಡೆ ಒಂದ್ ಹಳೇ ಲೈಟಿನ ಗಾಜು ಕೂರಿಸ್ದೆ. ಸದ್ದು ಒಂದೇ ಥರ ಐತೆ, ಅಲ್ವಾ?"

"ಹೆಸರೆಲ್ಲ ಅದಕ್ಕೇ ಹೋಗತ್ತಲ್ಲ ಮುನಿಶಾಮಣ್ಣ. ನಿಮಗೆ ಹೊಟ್ಟೆ ಉರಿಯಲ್ವಾ?"

"ಉರೀತದೆ. ಯಾಕುರಿಯಲ್ಲ? ದಿನಾ ಉರೀತದೆ." ಹೆಬ್ಬೆರಳನ್ನು ಗುಂಡಿಯ ಮೇಲಿಂದ ಹುಷಾರಾಗಿ ತೆಗೆದ. "ಮಲಗ್ಲಿ ಬಿಡಮ್ಮ ಅವಳು."

ಒಳಗಿನಿಂದ ರತ್ನಮ್ಮ ಕೇಳಿದಳು, "ಪೆಟ್ಟಿಗೆ ಸರಿಯಾಗೈತಾ ನೋಡಿದ್ರೇನಮ್ಮ?"

"ಸರಿಯಾಗಿದೆ ರತ್ನಮ್ಮ," ಎಂದೆ.

ಅದು ಸುಳ್ಳು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅನ್ನಿಸಿದ್ದು ಬೇರೆ. ಅಷ್ಟು ದಿನ ಪೆಟ್ಟಿಗೆಯ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಲಾರಿಯ ಬಾಗಿಲಲ್ಲಿ ನಿಂತಿದ್ದಾಗ ರತ್ನಮ್ಮನ ಕಡೆ ತಿರುಗಿತು. ನಾನು ಒಂದು ರಾತ್ರಿ ನಿದ್ದೆ ಮಾಡಲೆಂದು ತನ್ನ ಹೆಸರನ್ನು ಶತ್ರುವಿಗೆ ಬಿಟ್ಟುಕೊಡುವವರು ಯಾರಿದ್ದಾರೆ ಎಂದು ಅಕ್ಕನ ಮನೆ, ಹಾಸ್ಟೆಲ್ಲು, ವಿಶ್ವವಿದ್ಯಾಲಯ ಎಲ್ಲ ಕಡೆ ಮನಸ್ಸಿನಲ್ಲೇ ಹುಡುಕಿ ಬಂದೆ. ಆ ಕಿಚ್ಚು ಪೂರ್ತಿ ಆರಿದೆ ಎಂದು ಈಗಲೂ ಹೇಳಲಾರೆ.

ಊಟ ಮಾಡಿ ಅವನು ಮತ್ತೆ ಹೊರಟ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಸಾಹೇಬರು ಆ ಗಾಡಿಯನ್ನು ಮಾರಿದರಂತೆ, ಮುನಿಶಾಮಣ್ಣ, ರತ್ನಮ್ಮ ಮನೆ ಬದಲಾಯಿಸಿದರಂತೆ, ಮುಂದಿನದು ತಿಳಿಯದು. ಅವತ್ತು ಅವನು ಹೊರಟಾಗ ರತ್ನಮ್ಮ ಎಲೆಅಡಿಕೆ ಹಾಕಿಕೊಂಡು ಚಾಪೆ ಬಿಡಿಸಿ ತೋಳನ್ನು ದಿಂಬು ಮಾಡಿಕೊಂಡಿದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಲಾರಿ ಓಣಿಯ ತಿರುವಿಗೆ ಹೋಗಿತ್ತು. ಆ ಉರಿಬಿಸಿಲಲ್ಲಿ ಅದರ ಮುಂದೆ ಮನುಷ್ಯರಿಲ್ಲ, ದನವಿಲ್ಲ, ಒಂದು ಕೋಳಿಯೂ ಇಲ್ಲ. ಖಾಲಿ ರಸ್ತೆ. ಆದರೂ ಅದು ಎರಡು ಸಲ ಕೂಗಿತು. ರತ್ನಮ್ಮ ಗೋಡೆಯ ಕಡೆ ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದಳು.