ಮಾವಶಿ ನಿಂತ ಜಾಗ

ನಮ್ಮ ಮೇಲಿನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ಅವರಲ್ಲೊಬ್ಬ ಅಜ್ಜಿ. ಕಳೆದ ಭಾನುವಾರ ಬೆಳಿಗ್ಗೆ ಆ ಅಜ್ಜಿ ಹಲ್ಲಿಗೆ ತಿಕ್ಕುವ ಮಿಶ್ರಿ ಮಾಡಲು ತವೆಯ ಮೇಲೆ ತಂಬಾಕು ಹುರಿದರು. ಆ ಘಾಟು ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬಂತು. ಅಕ್ಕಪಕ್ಕದವರು ಕೆಮ್ಮುತ್ತ ಕಿಟಕಿ ಹಾಕಿಕೊಂಡರು. ನಾನು ಚಹಾದ ಪಾತ್ರೆಯ ಮುಂದೆ ಹಾಗೇ ನಿಂತುಬಿಟ್ಟೆ. ಚಹಾ ಉಕ್ಕಿ ಒಲೆಯೆಲ್ಲ ಹಾಳಾಯಿತು. ಮೂಗಿಗೆ ಬಂದದ್ದು ತಂಬಾಕಾದರೂ ಕಣ್ಣಿಗೆ ಬಂದವಳು ಮಾವಶಿ...

ಹದಿನಾಲ್ಕು ವರ್ಷದ ಹಿಂದೆ ನಾನು ನಿಪ್ಪಾಣಿಯಲ್ಲಿ ಒಂದು ವರ್ಷ ನಾಟಕ ಕಲಿತೆ. ವಿಶ್ವವಿದ್ಯಾಲಯದ ನಾಟಕ ಮತ್ತು ನೃತ್ಯ ವಿಭಾಗ ಎಂದು ಹೆಸರು ದೊಡ್ಡದಿತ್ತು. ಇದ್ದದ್ದು ಮಾತ್ರ ಬಾಡಿಗೆಗೆ ಹಿಡಿದ ಒಂದು ಹಳೆಯ ತಂಬಾಕಿನ ಗೋದಾಮಿನಲ್ಲಿ. ಆಷಾಢದಲ್ಲಿ ಹನ್ನೊಂದು ಜನ ಸೇರಿದೆವು. ಗೋಡೆಯ ಸಂದಿಗಳಲ್ಲಿ ಇನ್ನೂ ತಂಬಾಕಿನ ಪುಡಿ ಉಳಿದಿತ್ತು. ಮೊದಲ ಒಂದು ತಿಂಗಳು ನಾವು ಕಲಿತ ವಿದ್ಯೆಯೆಂದರೆ ಸೀನುವುದು. ನೃತ್ಯದ ಮೇಡಂ ತಾಳ ಹಾಕಿದರೆ ನಮ್ಮ ಸೀನು ತಾಳ ತಪ್ಪಿಸುತ್ತಿತ್ತು.

ಮಾವಶಿ ಆ ಗೋದಾಮಿನ ಜೊತೆಗೇ ಬಂದವಳು. ಅಲ್ಲಿ ತಂಬಾಕು ಹಸನು ಮಾಡುತ್ತಿದ್ದ ಕಾಲದಿಂದ ಇದ್ದಳು. ಗೋದಾಮು ನಮ್ಮ ವಿಭಾಗವಾದ ಮೇಲೆ ಕಸ ಹೊಡೆದು, ಚಹಾ ತಂದು, ಸಂಜೆ ಬಾಗಿಲು ಹಾಕುವ ಕೆಲಸಕ್ಕೆ ಅವಳನ್ನೇ ಇಟ್ಟುಕೊಂಡರು. ನಮ್ಮ ಕಡೆ ಸಾಲಿ, ದವಾಖಾನೆಗಳಲ್ಲಿ ಇಂಥ ಕೆಲಸದ ಹೆಂಗಸರನ್ನು ಮರಾಠಿಯ ಚಿಕ್ಕಮ್ಮನ ಹೆಸರಿನಿಂದ ಮಾವಶಿ ಎಂದೇ ಕರೆಯುವುದು. ಅವಳ ನಿಜವಾದ ಹೆಸರು ಏನೆಂದು ಆ ಒಂದು ವರ್ಷದಲ್ಲಿ ನಾನು ಕೇಳಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹನ್ನೊಂದು ಜನರಲ್ಲಿ ಏಳು ಜನ ಬಂದ ದಿನ ನಮಗೆ ಹಬ್ಬ. ಒಬ್ಬನ ಹೊಲದಲ್ಲಿ ಕಬ್ಬು ಕಡಿಯುವುದಿರುತ್ತಿತ್ತು, ಇನ್ನೊಬ್ಬಳ ಅಕ್ಕನ ಮದುವೆ, ರಾಯಬಾಗದಿಂದ ಬರುವವನಿಗೆ ಬಸ್ಸಿನ ಚಿಂತೆ. ಆಗ ನಾಟಕದ ಸರ್ ಕೂಗುತ್ತಿದ್ದರು: "ಮಾವಶಿ, ಬಾ, ನಿಂದ್ರ." ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾರದವರ ಜಾಗದಲ್ಲಿ ಬಂದು ನಿಲ್ಲುತ್ತಿದ್ದಳು. ಒಂದು ದಿನ ರಾಜ, ಒಂದು ದಿನ ರಾಜನ ಹೆಂಡತಿ, ಒಂದು ದಿನ ಸುಮ್ಮನೆ ಹುಣಸೆಮರ. ಸರ್ ಹಾಕಿದ ಷರತ್ತು ಒಂದೇ: "ನೀ ಏನೂ ಮಾಡಬ್ಯಾಡ. ಬರೇ ನಿಂದ್ರ." ಜಾಗ ತುಂಬಿದರೆ ಉಳಿದವರಿಗೆ ಲೆಕ್ಕ ಸಿಗುತ್ತಿತ್ತು, ಅಷ್ಟೇ.

ದಸರೆಯಲ್ಲಿ ಗೆಜ್ಜೆಪೂಜೆ ಮಾಡಿದೆವು. ಹಿಂದಿನ ದಿನ ಎಲ್ಲರ ಗೆಜ್ಜೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದು ಮಾವಶಿ. ಒಂದೊಂದನ್ನೂ ಒರೆಸಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಸದ್ದಾಗದ ಹಾಗೆ ಇಟ್ಟಳು. ನಾವು ಕಟ್ಟಿಕೊಂಡು ಕುಣಿದೆವು.

ನಾನು ಐನಾಪುರದ ಜೈನರ ಮನೆಯವಳು. ನಾಟಕ ಕಲಿಯುತ್ತೇನೆ ಎಂದಾಗ ಅಪ್ಪ ಬೈಯಲಿಲ್ಲ, ಮಾತು ಬಿಟ್ಟರು. ಅದು ಬೈಗುಳಕ್ಕಿಂತ ಭಾರ. ನಿಪ್ಪಾಣಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದೆ. ಇಡೀ ವರ್ಷ ಊರಿನಿಂದ ನನ್ನನ್ನು ನೋಡಲು ಯಾರೂ ಬರಲಿಲ್ಲ. ಮನೆಯಿಂದ ನಾನು ಕಟ್ಟಿಕೊಂಡು ಬಂದದ್ದು ಒಂದೇ ಒಂದು ನೇಮ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎನ್ನುವುದು. ಅಪ್ಪ ನನ್ನ ಬಿಟ್ಟರೂ ನಾನು ಅದನ್ನು ಬಿಡಲಿಲ್ಲ. ಬಿಟ್ಟರೆ ಆ ಮನೆಯ ಎಳೆ ಪೂರ್ತಿ ಕಡಿದುಹೋದೀತೆಂದು ಅಂಜಿಕೆಯಿತ್ತು.

ಆ ವರ್ಷದ ನಾಟಕವನ್ನು ಸರ್ ಅವರೇ ಬರೆದಿದ್ದರು. ಹೊಳೆ ಏರುತ್ತಿರುವಾಗ ಮನೆ ಬಿಟ್ಟು ಹೋಗಲು ಒಪ್ಪದ ಒಬ್ಬ ಮುದುಕಿಯ ಕತೆ. ಮುದುಕಿಯ ಪಾತ್ರ ನನಗೆ ಬಂತು. ನಡುವೆ ಒಂದು ಮಾತಿಲ್ಲದ ದೃಶ್ಯವಿತ್ತು. ಮುದುಕಿ ಕೊನೆಗೂ ಗಂಟು ಕಟ್ಟಿ, ಮನೆಗೆ ಬೀಗ ಹಾಕಿ ಹೊರಡುತ್ತಾಳೆ, ಸುತ್ತಲೂ ನಾಲ್ವರು ನೀರಾಗಿ ಕುಣಿಯುತ್ತಾರೆ. ಅದನ್ನು ಕಟ್ಟಿದ್ದು ಮೇಡಂ. ಅವರು ಮಿರಜಿನಿಂದ ಬರುತ್ತಿದ್ದರು, ಆರು ಗಂಟೆಯ ಬಸ್ಸು ಹಿಡಿಯಬೇಕು. ಹೀಗಾಗಿ ಆ ದೃಶ್ಯದ ತಾಲೀಮು ಯಾವಾಗಲೂ ಐದರಿಂದ ಆರು. ಚಳಿಗಾಲದಲ್ಲಿ ನಾನು ಉಣ್ಣಬೇಕಾದ ಹೊತ್ತೂ ಅದೇ.

ಗೋದಾಮಿನ ಮೇಲಿನ ಕಿಂಡಿಯಿಂದ ಬೀಳುವ ಬಿಸಿಲು ಗೋಡೆ ಹತ್ತಿದ ಕೂಡಲೇ ಮಾವಶಿ ಬಂದು ನನ್ನ ಭುಜ ಮುಟ್ಟುತ್ತಿದ್ದಳು.

"ಬಾಳಾ, ಹೊತ್ತ ಮುಳಗತೈತಿ. ಉಣ್ಣ ಹೋಗ. ನಾ ನಿಂದರತೀನಿ."

ಬಾಳಾ ಎಂದರೆ ಮರಾಠಿಯಲ್ಲಿ ಮಗು. ಆ ಊರಿನಲ್ಲಿ ನನ್ನನ್ನು ಹಾಗೆ ಕರೆದವರು ಅವಳೊಬ್ಬಳೇ. ನಾನು ಮೂಲೆಯಲ್ಲಿ ಕೂತು ರೊಟ್ಟಿ ಬಿಚ್ಚುತ್ತಿದ್ದೆ, ಅವಳು ನನ್ನ ಜಾಗದಲ್ಲಿ ನಿಲ್ಲುತ್ತಿದ್ದಳು. ಮೇಡಂ ಅವರ ಕಣ್ಣೆಲ್ಲ ನೀರಾಗಿ ಕುಣಿಯುವ ನಾಲ್ವರ ಕಾಲಿನ ಮೇಲೆ. ಸರ್ ಆ ಹೊತ್ತಿಗೆ ಆಫೀಸಿನಲ್ಲಿ ಕಾಗದಪತ್ರದೊಳಗೆ. ಮಾವಶಿಯನ್ನು ನೋಡುತ್ತಿದ್ದವಳು ನಾನು ಮಾತ್ರ. ಅವಳು ಬರೇ ನಿಲ್ಲುತ್ತಿರಲಿಲ್ಲ...

ಯಾರೂ ನೋಡುತ್ತಿಲ್ಲ ಎಂದು ತಿಳಿದು ಅವಳು ನಿಧಾನಕ್ಕೆ ಮಾಡತೊಡಗಿದ್ದಳು. ಇಲ್ಲದ ಗೋಡೆಯ ಮಾಡಿನಿಂದ ಇಲ್ಲದ ಡಬ್ಬಿ ಇಳಿಸುವಳು, ನೋಡಿ ಮತ್ತೆ ಅಲ್ಲಿಯೇ ಇಡುವಳು. ಹೊರಗೆ ಬಂದವಳು ಏನೋ ನೆನಪಾಗಿ ಒಳಗೆ ಹೋಗಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವಳು. ಆಮೇಲೆ ಬಾಗಿಲು ಎಳೆದು, ಬೀಗ ಹಾಕಿ, ಬಾಗಿಲಿಗೆ ಕಿವಿ ಹತ್ತಿರ ತಂದು, ಅಂಗೈಯಿಂದ ಎರಡು ಸಲ ಮೆಲ್ಲಗೆ ತಟ್ಟುವಳು. ಆಮೇಲೆ ತಿರುಗಿ ನೋಡದೆ ನಡೆದುಬಿಡುವಳು. ನನ್ನ ಕೈಯಲ್ಲಿ ತುತ್ತು ಹಾಗೇ ಇರುತ್ತಿತ್ತು. ಉಂಡು ಕೈ ತೊಳೆದು ಬರುವಷ್ಟರಲ್ಲಿ ಮೇಡಂ ಬ್ಯಾಗು ಹೆಗಲಿಗೆ ಹಾಕಿಕೊಂಡಿರುತ್ತಿದ್ದರು. ಆ ದೃಶ್ಯವನ್ನು ನಾನು ಮಾಡಿ ಕಲಿಯಲಿಲ್ಲ. ನೋಡಿ ಕಲಿತೆ.

ಸಂಕ್ರಾಂತಿಯಾದ ಮೇಲೆ ಗೋದಾಮಿನಲ್ಲೇ ಮೊದಲ ಪ್ರಯೋಗವಾಯಿತು. ಬೀಡಿ ಕಟ್ಟುವ ಓಣಿಗಳಿಂದ ಹೆಂಗಸರು ಬಂದು ನೆಲದ ಮೇಲೆ ಕೂತಿದ್ದರು. ನಾನು ಬಾಗಿಲು ತಟ್ಟಿದಾಗ ಇಡೀ ಗೋದಾಮು ಉಸಿರು ಹಿಡಿಯಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದಳು. ಮುಗಿದ ಮೇಲೆ ಸರ್ ನನ್ನನ್ನು ಎಲ್ಲರ ಮುಂದೆ ಕರೆದರು.

"ಆ ಬಾಗಲಾ ತಟ್ಟಿದೆಲ್ಲಾ, ಅದನ್ನ ಯಾರ ಹೇಳಿಕೊಟ್ರು?"

"ಯಾರೂ ಇಲ್ರಿ ಸರ್. ಹಂಗ ಬಂತ್ರಿ."

ಮಾವಶಿ ಅಲ್ಲೇ ಚಹಾದ ಗ್ಲಾಸು ಒಟ್ಟು ಮಾಡುತ್ತಿದ್ದಳು. ಒಂದು ಗ್ಲಾಸು ಇನ್ನೊಂದಕ್ಕೆ ತಾಗಿದ ಸದ್ದು ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಮರುದಿನ ಸಂಜೆ ಏನೂ ಆಗದವಳ ಹಾಗೆ ಬಂದು ಭುಜ ಮುಟ್ಟಿ ಉಣ್ಣಲು ಕಳಿಸಿದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ಪ್ರಯೋಗ ಕೃಷ್ಣೆಯ ದಂಡೆಯ ಅಂಕಲಿಯಲ್ಲಿ ಎಂದು ಗೊತ್ತಾದ ದಿನ ಅವಳೇ ಬಾಯಿ ಬಿಟ್ಟಳು.

"ನನ್ನ ಮಗಳನ್ನ ಅಂಕಲಿಗೆ ಕೊಟ್ಟೇನಿ ಬಾಳಾ. ನಮ್ಮವ್ವ ಕಸಾ ಹೊಡೀತಾಳ ಅನ್ನಾಕ ಅಕಿಗೆ ನಾಚಿಕಿ. ಅದಕ್ಕ, ನಾನೂ ನಾಟಕದಾಗ ಅದೀನಿ ಅಂತ ಹೇಳಿಬಿಟ್ಟೇನಿ. ಈಗ ಅಕಿ ನೋಡಾಕ ಬರತಾಳಲ್ಲಾ..."

ನನಗೆ ದಾರಿ ಸಿಕ್ಕಿತು ಅನ್ನಿಸಿತು. "ಅಂಕಲಿಯೊಳಗ ಆ ಸೀನ್ ನೀ ಮಾಡ ಮಾವಶಿ. ಸೆರಗ ಮುಂದ ಎಳಕೊಂಡ್ರ ಸರ್‌ಗೂ ಗೊತ್ತಾಗೂದುಲ್ಲ" ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಮಗಳಿಗೆ ಸುದ್ದಿ ಮುಟ್ಟಿಸಿದಳು. ದೀಪಾವಳಿಗೆ ಮಗಳು ಕೊಟ್ಟ ಹಸಿರು ಸೀರೆ ಉಟ್ಟು ಮಾತಿಲ್ಲದ ಸೀನಿನಲ್ಲಿ ಬರುತ್ತೇನೆ, ನೋಡು ಎಂದು.

ಅಂಕಲಿಯಲ್ಲಿ ಸಾಲಿಯ ಬಯಲಿನಲ್ಲಿ ಮಂಟಪ ಹಾಕಿದ್ದರು. ಮಧ್ಯಾಹ್ನ ಸರ್ ಒಂದು ಮಾತು ಹೇಳಿದರು. ಸಂಜೆಗೆ ಹೊರಗಿನಿಂದ ಒಬ್ಬ ದೊಡ್ಡವರು ಬರುತ್ತಾರೆ, ಮುಂದಿನ ಕಲಿಕೆಗೆ ನಮ್ಮಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. "ಆ ಬಾಗಲಾ ತಟ್ಟೂದು ಮರೀಬ್ಯಾಡ" ಎಂದು ನನಗೆ ಬೇರೆ ಹೇಳಿದರು. ಆ ಮಾತು ನನ್ನ ತಲೆಗೆ ಏರಿತು. ಅಪ್ಪನಿಗೆ ಏನಾದರೊಂದು ತೋರಿಸಬೇಕಿತ್ತು ನನಗೆ...

ಸಾಲಿಯ ಖೋಲಿಯೊಂದರಲ್ಲಿ ಮಾವಶಿ ಬಿಳಿ ಕೂದಲಿನ ಟೋಪನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಪಕ್ಕದಲ್ಲಿ ಚೀಲದೊಳಗೆ ಹಸಿರು ಸೀರೆ. ನಾನು ಟೋಪನ್ನು ಅವಳ ಕೈಯಿಂದ ತೆಗೆದುಕೊಂಡೆ.

"ಮಾವಶಿ, ಮುಂದಿನ ಊರಾಗ ನೀ ಮಾಡ. ಇವತ್ತ ಬ್ಯಾಡ."

ಅವಳು ನನ್ನ ಮುಖ ನೋಡಿದಳು. "ಆತ ಬಾಳಾ" ಎಂದಳು. ಚೀಲದಿಂದ ಸೀರೆ ತೆಗೆದಳು. "ಸೀರಿ ಆದ್ರೂ ಇದನ್ನ ಉಟ್ಕೋ."

ಇಲ್ಲ ಅನ್ನಲು ನನಗೆ ಮುಖವಿರಲಿಲ್ಲ. ಅವಳೇ ನೆರಿಗೆ ಹಿಡಿದು ಉಡಿಸಿದಳು, ಅವಳೇ ಟೋಪು ಕಟ್ಟಿ ಸೆರಗು ಮುಂದೆ ಎಳೆದಳು. ಹೊಳೆಯ ಕಡೆಯಿಂದ ಗಾಳಿ ಜೋರಾಗಿತ್ತು. ರಂಗದ ಮೇಲಿನ ಪ್ಲೈವುಡ್ ಬಾಗಿಲು ಅಲ್ಲಾಡದಂತೆ ಹಿಂದಿನಿಂದ ಯಾರಾದರೂ ಹಿಡಿಯಬೇಕಿತ್ತು. "ಮಾವಶಿ, ನಿಂದ್ರ" ಎಂದರು ಸರ್. ಅವಳು ಹೋಗಿ ಹಿಡಿದು ನಿಂತಳು. ನಾನು ಬೀಗ ಹಾಕಿ, ಕಿವಿ ಹತ್ತಿರ ತಂದು, ಎರಡು ಸಲ ತಟ್ಟಿದೆ. ಬಾಗಿಲಿನ ಆಚೆ ಅವಳ ಉಸಿರು ಕೇಳಿಸುತ್ತಿತ್ತು.

ಬರಬೇಕಾದ ದೊಡ್ಡವರು ಬರಲೇ ಇಲ್ಲ. ಮುಂದಿನ ಊರೂ ಬರಲಿಲ್ಲ. ಅಂಕಲಿಯದೇ ಕೊನೆಯ ಪ್ರಯೋಗವಾಯಿತು. ಪರೀಕ್ಷೆ ಬಂತು, ಬಿಸಿಲು ಬಂತು, ಹನ್ನೊಂದು ಜನ ಹನ್ನೊಂದು ದಾರಿ ಹಿಡಿದೆವು. ಕೊನೆಯ ದಿನದವರೆಗೂ ಮಾವಶಿ ಸಂಜೆ ನನ್ನನ್ನು ಉಣ್ಣಲು ಕರೆಯುವುದನ್ನು ತಪ್ಪಿಸಲಿಲ್ಲ. ಮರುವರ್ಷ ಸಾಕಷ್ಟು ಜನ ಸೇರಲಿಲ್ಲವೆಂದು ವಿಭಾಗವನ್ನು ಮುಚ್ಚಿದರು. ಅವಳು ಬೀಡಿ ಕಟ್ಟಲು ಹೋಗುತ್ತಾಳೆ ಎಂದು ಯಾರೋ ಹೇಳಿದರು. ನಿಪ್ಪಾಣಿಗೆ ಹೋಗಬೇಕು ಎಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ಒಗೆದು ಕೊಡುತ್ತೇನೆಂದು ತಂದ ಹಸಿರು ಸೀರೆ ನನ್ನ ಟ್ರಂಕಿನಲ್ಲೇ ಉಳಿಯಿತು. ನಾನು ಅಥಣಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತ ಇಲ್ಲಿಯೇ ಒಬ್ಬಳೇ ನೆಲೆನಿಂತೆ. ಮಾವಶಿ ತೀರಿಕೊಂಡ ಸುದ್ದಿ ಮೂರು ವರ್ಷದ ಹಿಂದೆ ಫೋನಿನಲ್ಲಿ ಬಂತು. ಆವತ್ತೂ ನಾನು ಕ್ಲಾಸಿಗೆ ಹೋದೆ, ಪಾಠ ಮಾಡಿದೆ.

ಮೊನ್ನೆ ಆ ಮಿಶ್ರಿಯ ಘಾಟು ಬಂದ ಮೇಲೆ ಕೂರಲಾಗಲಿಲ್ಲ. ಟ್ರಂಕಿನಿಂದ ಸೀರೆ ತೆಗೆದೆ, ಡಬ್ಬಿಗೆ ರೊಟ್ಟಿ ಕಟ್ಟಿಕೊಂಡೆ, ಎರಡು ಬಸ್ಸು ಬದಲಿಸಿ ಅಂಕಲಿಗೆ ಹೋದೆ. ಮಗಳ ಮನೆ ಕೇಳಿಕೊಂಡು ಹೋಗಿ, ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದು ಕೈ ಮುಗಿದು ಬರಬೇಕೆಂಬುದು ಲೆಕ್ಕ.

ಮಗಳು ಎಮ್ಮೆಗೆ ಮೇವು ಹಾಕುತ್ತಿದ್ದಳು. ನಾಟಕದ ಬಟ್ಟೆಗಳ ಜೊತೆ ಇದು ಉಳಿದಿತ್ತು ಎಂದು ಸೀರೆ ಚಾಚಿದೆ. ಅವಳು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

"ನಾ ಕೊಡಿಸಿದ್ದ ಸೀರಿ ಇದು. ನಮ್ಮವ್ವ ಇದನ್ನ ಉಟ್ಟ ನಾಟಕಾ ಮಾಡಿದ್ಲರಿ, ಇಲ್ಲೇ ಸಾಲಿ ಬಯಲಾಗ."

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಹಾಲ ಹಿಂಡಿ ಹೋಗೂದರಾಗ ತಡಾ ಆಗಿತ್ರಿ. ದೂರ ಬೇವಿನಗಿಡದ ಬುಡಕ ನಿಂತ ಅದೊಂದ ಸೀನ್ ನೋಡಿದೆ, ಕೂಸ ಅಳಾಕತ್ತ, ಬಂದ್ಬಿಟ್ಟೆ. ಸೆರಗಿನ್ಯಾಗ ಮಾರಿ ಕಾಣಲಿಲ್ಲ. ಆದ್ರ ಬಾಗಲಾ ತಟ್ಟಿದ್ಲಲ್ಲಾ, ಎರಡ ಸಲ... ನಾ ಸಣ್ಣಾಕಿದ್ದಾಗ ಅವ್ವ ನನ್ನ ಒಳಗ ಮಲಗಿಸಿ, ಬೀಗಾ ಹಾಕಿ ತಂಬಾಕಿನ ಕೆಲಸಕ್ಕ ಹೋಗತಿದ್ಲು. ಹೋಗೂಮುಂದ ಹಂಗ ತಟ್ಟತಿದ್ಲು. ಬರತೀನಿ, ಅಳಬ್ಯಾಡ ಅಂತ. ಅದು ನನಗ ಬಿಟ್ರ ಯಾರಿಗೂ ಗೊತ್ತಿಲ್ಲರಿ. ಆಮ್ಯಾಲ ಕೇಳಿದ್ರ ಅವ್ವ ಬರೇ ನಕ್ಕಳು. ಅವತ್ತ ಮಾಡಿದಾಕಿ ನಮ್ಮವ್ವನ ಹೌದಲ್ರಿ?"

ಒಳಗಿಂದ ಬಾಗಿಲಿಗೆ ಕಿವಿ ಹಚ್ಚಿ ಕೂತ ಒಂದು ಸಣ್ಣ ಹುಡುಗಿ ನನ್ನ ಕಣ್ಣಿಗೆ ಕಟ್ಟಿದಳು. ಏನೆಂದು ಗೊತ್ತಿಲ್ಲದೆಯೇ ನಾನು ಆ ತಟ್ಟುವುದನ್ನು ನನ್ನದೆಂದು ಹೇಳಿಕೊಂಡಿದ್ದೆ.

"ಹೌದ್ರಿ" ಎಂದೆ. "ಅವರ ಮಾಡಿದ್ರು."

ಅವಳ ಮುಖ ಅರಳಿತು. "ನೀವೂ ಇದ್ರೇನ್ರಿ ಆ ನಾಟಕದಾಗ?"

"ಇದ್ದೆ. ಅವರು ಉಣ್ಣಾಕ ಹೋದಾಗ ಅವರ ಜಾಗಾದಾಗ ನಿಂದರತಿದ್ದೆ."

ಚಹಾ ಕುಡಿದು ಎದ್ದೆ. ಕ್ಷಮೆ ಕೇಳಲು ಹೋದವಳು ಕೇಳದೆಯೇ ಬಂದೆ. ಇನ್ನು ಕೇಳಲು ಯಾರೂ ಉಳಿದಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಹೊರಗೆ ನೋಡುತ್ತ ಏನೇನೋ ನೆನೆಸುತ್ತ ಕೂತಿದ್ದೆ. ಎಚ್ಚರವಾಗಿ ನೋಡಿದರೆ ತೊಡೆಯ ಮೇಲಿನ ಡಬ್ಬಿ ಹಾಗೇ ಇತ್ತು. ಹೊತ್ತು ಮುಳುಗಿಬಿಟ್ಟಿತ್ತು. ಯಾರೂ ಭುಜ ಮುಟ್ಟಿರಲಿಲ್ಲ.