ಹನ್ನೊಂದು ಕೋಳಿಮರಿ ಮತ್ತು ಗೋಡೆಯಾಚೆಯ ನಿದ್ದೆ

ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಅಲಾರಾಂ ಗಡಿಯಾರವಿದೆ. ಅದರ ಬೆನ್ನ ಮೇಲೆ, ಕೀಲಿ ಕೊಡುವ ತಿರುಪಿನ ಪಕ್ಕದಲ್ಲಿ, ಸುಣ್ಣ ಸಿಡಿದಂತೆ ಒಂದು ಬಿಳಿ ಕಲೆ. ಅದು ಸುಣ್ಣವಲ್ಲವೆಂಬುದು ನನಗೆ ಗೊತ್ತು, ನನ್ನ ಹೆಂಡತಿ ಗಿರಿಜೆಗೂ ಗೊತ್ತು. ಮತ್ತೇನೆಂದು ಬಂದವರಿಗೆ ಹೇಳಹೊರಟರೆ ಕತೆಯನ್ನು ಸಿಂಧನೂರಿನ ಬಸ್ ನಿಲ್ದಾಣದಿಂದ ಶುರುಮಾಡಬೇಕಾಗುತ್ತದೆ, ಅಷ್ಟರಲ್ಲಿ ಅವರ ಚಹಾ ಆರಿರುತ್ತದೆ. ನೀವಾದರೋ ನಿಮ್ಮ ಮನೆಯಲ್ಲಿ ನಿಮ್ಮದೇ ಚಹಾ ಕುಡಿಯುತ್ತ ಓದುತ್ತಿರುವವರು. ಆದ್ದರಿಂದ ಧೈರ್ಯ ಮಾಡುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ನಾನಾಗ ಲಿಂಗಸುಗೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಕರಿಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ನಂಬುವವರೆಗೂ ಅಳಿಸದೆ ನಿಲ್ಲುತ್ತಿದ್ದವನು. ಸಿಂಧನೂರಿನ ಹತ್ತಿರದ ವಳಕಮದಿನ್ನಿಯ ಹನುಮಂತಪ್ಪನೆಂಬ ರೈತ, ತನ್ನ ಮಗನಿಗೆ ಹಿಡಿದಿದ್ದ ಗಣಿತದ ಭೂತವನ್ನು ನಾನು ಬಿಡಿಸಿದೆನೆಂದು ಭ್ರಮಿಸಿ, ಭತ್ತದ ಸುಗ್ಗಿಯಾದ ಮೇಲೆ ಮನೆಗೆ ಕರೆದು ಉಣ್ಣಿಸಿ, ಕೈಯಲ್ಲೊಂದು ಬುಟ್ಟಿಯನ್ನೂ ಕೊಟ್ಟ. ಬುಟ್ಟಿಯಲ್ಲಿ ಕಾಲು ಕಟ್ಟಿದ ಒಂದು ತಾಯಿಕೋಳಿ, ಅದರ ಸುತ್ತ ಹನ್ನೊಂದು ಮರಿ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಕೋಳಿ ಸಾಕಿ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ವಿಜ್ಞಾನದ ಮಾಸ್ತರನಿಗೆ ಶೋಭೆಯಲ್ಲವೆಂದು ಆಗ ಅನ್ನಿಸಿತ್ತು.

ಸಿಂಧನೂರಿನಲ್ಲಿ ಬಸ್ಸು ಹತ್ತಿ ಕೂತ ಮೇಲೆ ಆ ತಾಯಿಕೋಳಿ ನನ್ನನ್ನೇ ಒಂದೇ ಕಣ್ಣಿನಲ್ಲಿ ನೋಡತೊಡಗಿತು. ಹಗ್ಗ ಬಿಗಿಯಾಗಿದೆಯೇನೋ ಎಂದು ನನ್ನ ಕರುಳು ಚುರುಕ್ಕೆಂದಿತು. ಸ್ವಲ್ಪ ಸಡಿಲಿಸಿದೆ. ಮಸ್ಕಿಯಲ್ಲಿ ಬಸ್ಸು ನಿಂತದ್ದೇ ತಡ, ನನ್ನ ದಯೆಯ ಪ್ರಮಾಣ ಹೆಚ್ಚಾಗಿತ್ತೆಂಬುದನ್ನು ಅದು ಕಿಟಕಿಯಿಂದ ಹಾರಿ ತೋರಿಸಿತು. ಹಣ್ಣಿನ ಗಾಡಿಗಳ ಕೆಳಗೆ, ಪ್ರಯಾಣಿಕರ ಗಂಟುಗಳ ನಡುವೆ, ಧೋತರದ ಚುಂಗು ಹಿಡಿದುಕೊಂಡು ನಾನು ಓಡಿದ ಓಟವನ್ನು ನನ್ನ ವಿದ್ಯಾರ್ಥಿಗಳ್ಯಾರೂ ನೋಡಲಿಲ್ಲವೆಂಬುದೊಂದೇ ಸಮಾಧಾನ. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಮಾಸ್ತರ್ರ, ಕೋಳಿ ಹಿಡೀತೀರೋ, ಬಸ್ ಹಿಡೀತೀರೋ, ಲಗೂ ಹೇಳ್ರಿ!” ಎಂದು ಕೂಗಿದ. ಬಸ್ಸನ್ನೇ ಹಿಡಿದೆ.

“ನಿಮ್ಮ ದಯಾಗುಣಕ್ಕ ಹನ್ನೊಂದು ಮರಿ ತಬ್ಬಲಿ ಆದ್ವು ನೋಡ್ರಿ,” ಎಂದಳು ಗಿರಿಜೆ, ಬುಟ್ಟಿಯೊಳಗೆ ಇಣುಕಿ. ಅಂದಿನಿಂದ ಅವುಗಳ ಅಳುವಿಗೆ ನಾನೇ ಹೊಣೆಗಾರನಾದೆ.

ನಮ್ಮದು ಬಾಡಿಗೆ ಮನೆ. ಮಾಲೀಕರು ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಗೋಡೆ ಮಾತ್ರ ಮಾಳಿಗೆಯ ತೊಲೆಗೆ ಎರಡು ಮೊಳ ಕೆಳಗೇ ನಿಂತುಬಿಟ್ಟಿತ್ತು. ಆಚೆ ಬದಿಯಲ್ಲಿದ್ದವರು ಅಮರಪ್ಪ ಮತ್ತು ಹುಲಿಗೆಮ್ಮ ದಂಪತಿ. ಅಮರಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ, ನೆಲದಾಳದಲ್ಲಿ ದುಡಿಯುವವನು. ವಾರಕ್ಕೊಮ್ಮೆ ಬದಲಾಗುವ ಪಾಳಿ: ಒಂದು ವಾರ ಬೆಳಗು, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಆತನ ಗೊರಕೆಯೋ, ಗೋಡೆಯನ್ನು ದಾಟಿ ನಮ್ಮ ಪಾತ್ರೆಗಳವರೆಗೂ ಬರುತ್ತಿತ್ತು. ಮರಿಗಳು ಬಂದ ಸಂಜೆಯೇ ಹುಲಿಗೆಮ್ಮ ಬಾಗಿಲಿಗೆ ಬಂದಳು.

“ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಇವರು ನೆಲದಾಗ ಇಳಿಯೋ ಮನಷ್ಯಾರು. ಇಲ್ಲಿ ನಿದ್ದಿ ಆಗ್ಲಿಲ್ಲಂದ್ರ ಅಲ್ಲಿ ಕಣ್ಣು ಹತ್ತತಾವ. ಅಲ್ಲಿ ಎಬ್ಬಸಾಕ ನಾ ಇರಂಗಿಲ್ಲ. ಮರಿ ಸುಮ್ಕಿರಂಗ ನೋಡ್ಕೋರಿ.”

ಆ ಮಾತು ನನ್ನ ಎದೆಯಲ್ಲಿ ಕೂತಿತು. ಒಬ್ಬ ಮನುಷ್ಯನ ಪ್ರಾಣ ಹನ್ನೊಂದು ಕೋಳಿಮರಿಗಳ ಬಾಯಲ್ಲಿದೆ, ಆ ಬಾಯಿಗಳು ನನ್ನ ಅಡುಗೆಮನೆಯ ಮೂಲೆಯಲ್ಲಿವೆ ಎಂದುಕೊಂಡರೆ ಊಟ ರುಚಿಸುತ್ತಿರಲಿಲ್ಲ.

ಬೆಕ್ಕಿನ ಭಯಕ್ಕೆ ರಾತ್ರಿ ಬುಟ್ಟಿಯನ್ನು ಒಳಗೇ ಇಡಬೇಕಾಗಿತ್ತು. ದೀಪ ಆರಿಸಿದ್ದೇ ತಡ ಚಿಂವ್ ಚಿಂವ್ ಎಂದು ಶುರುವಾಗುತ್ತಿತ್ತು. ನಾನು ಕಿವಿ ನಿಮಿರಿಸಿ ಗೋಡೆಯಾಚೆ ಆಲಿಸುತ್ತಿದ್ದೆ. ಗೊರಕೆ ಇಲ್ಲ! ಹುಲಿಗೆಮ್ಮ ಮಗ್ಗುಲು ಬದಲಿಸುವಾಗಿನ ಬಳೆಯ ಸದ್ದು ಮಾತ್ರ. ಆಯಿತು, ಪಾಪ, ಇಬ್ಬರನ್ನೂ ಎಬ್ಬಿಸಿಬಿಟ್ಟವು ಎಂದು ನಾನು ಹಾಸಿಗೆಯಲ್ಲೇ ಹಿಡಿಯಷ್ಟಾಗುತ್ತಿದ್ದೆ. ಮರಿಗಳು ಒದರಿದಾಗಲೆಲ್ಲ ಗೊರಕೆಯಿಲ್ಲ, ಗೊರಕೆಯಿದ್ದಾಗಲೆಲ್ಲ ಮರಿಗಳ ಒದರಾಟವಿಲ್ಲ. ಕಾರ್ಯಕಾರಣ ಇದಕ್ಕಿಂತ ನಿಚ್ಚಳವಾಗಿ ಯಾವ ಪುಸ್ತಕದಲ್ಲಿ ಸಿಕ್ಕೀತು ಹೇಳಿ? ಅಮರಪ್ಪನ ಪಾಳಿ ಯಾವ ವಾರ ಯಾವುದೆಂಬುದು ಮಾತ್ರ ನನ್ನ ತಲೆಯಲ್ಲಿ ಎಂದೂ ನಿಲ್ಲಲಿಲ್ಲ. ಆದ್ದರಿಂದ ಆತ ಸದಾ ಮಲಗಿರುತ್ತಾನೆಂದು ಹಿಡಿದುಕೊಂಡು ನಡೆಯುವುದೇ ಸುರಕ್ಷಿತವೆಂದು ತೀರ್ಮಾನಿಸಿದ್ದೆ. ಬೆಳಿಗ್ಗೆ ಶಾಲೆಗೆ ಹೊರಟಾಗ ಕೆಂಗಣ್ಣಿನ ಅಮರಪ್ಪ ಎದುರಾದರೆ, ನಾನು ಇಲ್ಲದ ಕೆಲಸ ನೆನೆಸಿಕೊಂಡು ಪಕ್ಕದ ಓಣಿಗೆ ಹೊರಳುತ್ತಿದ್ದೆ.

ಸಲಹೆಗಳಿಗೇನು ಬರ? ಬೆಳಕಿದ್ದರೆ ಅಳುವುದಿಲ್ಲ ಎಂದರು ಒಬ್ಬರು. ಕತ್ತಲಾದರೆ ಅಳುವುದಿಲ್ಲ ಎಂದರು ಮತ್ತೊಬ್ಬರು. ಮೂರನೆಯವರು ಬೆಳಕೂ ಬೇಕು ಕತ್ತಲೂ ಬೇಕು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಬುಟ್ಟಿಯ ಮೇಲೆ ಬಲ್ಬು ತೂಗಿಸಿದೆ, ಕರೆಂಟು ಹೋಯಿತು. ಗೋಣಿಚೀಲ ಹೊದಿಸಿದೆ, ಉಸಿರು ಕಟ್ಟೀತೆಂದು ನಾನೇ ಮೂರು ಸಲ ಎದ್ದು ತೆಗೆದೆ. ಹೊಟ್ಟೆ ತುಂಬಿದರೆ ನಿದ್ದೆ ಬರುತ್ತದೆಂದು ನುಚ್ಚು ಹಾಕಿದೆ. ತಿಂದ ಶಕ್ತಿಯನ್ನು ಅವು ಕೂಗಲು ಬಳಸಿದವು. ಇಷ್ಟಾಗಿ ಗಿರಿಜೆಯ ವರದಿಯೇ ಬೇರೆ: ಆ ವಾರವೆಲ್ಲ ಮರಿಗಳು ಹಗಲು ಪೂರ್ತಿ ತೂಕಡಿಸುತ್ತಿವೆಯಂತೆ. ಹಗಲು ರಾತ್ರಿಯ ವ್ಯತ್ಯಾಸವನ್ನೇ ಇವುಗಳಿಗೆ ಮರೆಸಿಬಿಟ್ಟೆನೇ ಎಂದು ನನಗೆ ಹೊಸ ಚಿಂತೆ ಹತ್ತಿಕೊಂಡಿತು.

ಕೊನೆಗೆ ನಮ್ಮ ಡ್ರಿಲ್ ಮಾಸ್ತರರು, ಅಲಾರಾಂ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಅದರ ಟಿಕ್ ಟಿಕ್ಕನ್ನು ಮರಿಗಳು ತಾಯಿಯ ಎದೆಬಡಿತವೆಂದು ತಿಳಿಯುತ್ತವೆ ಎಂದರು. ಇಟ್ಟೆ. ಪವಾಡ! ಅಂದು ರಾತ್ರಿ ಒಂದು ಸೊಲ್ಲಿಲ್ಲ. ಗೋಡೆಯಾಚೆ ಗೊರಕೆ ಗಂಗೆಯಂತೆ ಹರಿಯಿತು. ದಿನವೂ ನಾನು ಶಿಕ್ಷಕರ ಕೋಣೆಯಲ್ಲಿ ಕುಕ್ಕುಟಶಾಸ್ತ್ರದ ಪ್ರವಚನ ಮಾಡಿದೆ. ಎರಡು ವಾರದ ಕೀರ್ತಿ, ಅನಂತರ ಒಂದು ಸೋಮವಾರ ಮತ್ತೆ ಚಿಂವ್ ಚಿಂವ್. ಗಡಿಯಾರದ ದನಿ ಬಿದ್ದುಹೋಗಿದೆಯೆಂದು ಬಗೆದು ರಿಪೇರಿಗೆ ಒಯ್ದೆ. ಅಂಗಡಿಯವನು ಅದನ್ನು ಕಿವಿಗೆ ಹಿಡಿದು, “ಟೈಮ್ ಬರೋಬ್ಬರಿ ಐತಲ್ರೀ?” ಎಂದ. ಟೈಮು ಸರಿಯಿದೆ, ತಾಯ್ತನ ಕಡಿಮೆಯಾಗಿದೆ ಎಂದು ಅವನಿಗೆ ಹೇಗೆ ಹೇಳಲಿ? ಸುಮ್ಮನೆ ಮರಳಿ ತಂದೆ.

ಆ ವಾರ ಮುಗಿದ ಭಾನುವಾರ. ಮರಿಗಳು ಬೆಳಗಿನಿಂದಲೇ ಒದರುತ್ತಿದ್ದವು. ಹೊರಗೆ ಬಂದರೆ ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದಳು. “ರಾತ್ರಿಪಾಳಿಗೆ ಹೋಗ್ಯಾರ. ಎಂಟಕ್ಕ ಬರೋ ಬಸ್ಸು, ಹತ್ತಾತು, ಇನ್ನಾ ಬಂದಿಲ್ಲ,” ಎಂದಳು. ರಾತ್ರಿಪಾಳಿಯೆಂದರೆ ಹಗಲು ಮಲಗಬೇಕಾದವನು. ನಾನು ಶಾಲೆಯಲ್ಲಿದ್ದಾಗ ಈ ಮರಿಗಳು ಏನು ಗದ್ದಲ ಮಾಡಿದ್ದವೋ! ನಿದ್ದೆಗೆಟ್ಟು ಕೆಳಗಿಳಿದ, ಅಲ್ಲಿ ಕಣ್ಣು ಹತ್ತಿತು, ಎಬ್ಬಿಸಲು ಯಾರೂ ಇರಲಿಲ್ಲ. ಇಷ್ಟನ್ನೂ ನನ್ನ ಮನಸ್ಸು ಒಂದೇ ಉಸಿರಿನಲ್ಲಿ ಕಟ್ಟಿಬಿಟ್ಟಿತು. ಬಸ್ಸಿನಲ್ಲಿ ಆ ಹಗ್ಗವನ್ನು ಸಡಿಲಿಸದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನನಗೆ ನಿಜವಾಗಿ ಅಳು ಬಂತು. ಹೋಗಿ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ.

ಹತ್ತೂವರೆ ದಾಟಿದ ಮೇಲೆ ಅಮರಪ್ಪ ಒಂದು ಟ್ರ್ಯಾಕ್ಟರಿನಿಂದ ಇಳಿದ. ಮೈಯೆಲ್ಲ ಧೂಳು. “ಬಸ್ಸಿನ ಟಾಯರ್ ಒಡೀತು,” ಎಂದಷ್ಟೇ ಹೇಳಿ, ಎರಡು ರೊಟ್ಟಿ ತಿಂದು, ಚಾಪೆಯ ಮೇಲೆ ಉರುಳಿದ. ಹುಲಿಗೆಮ್ಮ ಆತನ ಚಪ್ಪಲಿಯನ್ನೆತ್ತಿ ಧೂಳು ಕೊಡವಿದಳು.

ನಾನು ಒಳಗೆ ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಬುಟ್ಟಿಯೊಳಗೆ ಒಂದು ಮರಿ ಸುಮ್ಮನಾಯಿತು. ಇನ್ನೊಂದು ಅದರ ಮೈಗೆ ತಾಗಿ ಕೂತಿತು. ಹಾಡಹಗಲು ಹನ್ನೊಂದು ಗಂಟೆಗೆ ಹನ್ನೊಂದೂ ಮರಿಗಳು ರೆಪ್ಪೆ ಮುಚ್ಚಿದವು. ಅಮರಪ್ಪ ಮಗ್ಗುಲು ಬದಲಿಸಿದಾಗ ಗೊರಕೆ ಅರೆಗಳಿಗೆ ನಿಂತಿತು. ಒಂದು ಮರಿ ತಲೆಯೆತ್ತಿ ಚಿಂವ್ ಎಂದಿತು. ಗೊರಕೆ ಮತ್ತೆ ಹತ್ತಿತು, ತಲೆ ಮತ್ತೆ ಇಳಿಯಿತು. ಗಿರಿಜೆ ನನ್ನ ಮುಖ ನೋಡಿದಳು. ನಾನು ಗಡಿಯಾರದ ಮುಖ ನೋಡಿದೆ.

ಸಂಜೆ ಹುಲಿಗೆಮ್ಮನ ಮುಂದೆ ತಪ್ಪೊಪ್ಪಿಕೊಂಡೆ: ಇಷ್ಟು ದಿನ ನಿಮ್ಮಿಬ್ಬರ ನಿದ್ದೆ ಕೆಡಿಸಿದೆನೆಂದು ತಿಳಿದು ಕೊರಗುತ್ತಿದ್ದೆ, ನೋಡಿದರೆ ಎಲ್ಲ ತಿರುವುಮುರುವು, ಗೊರಕೆಯಿಲ್ಲದ ರಾತ್ರಿಗಳಲ್ಲಿ ಆತ ಗಣಿಯಲ್ಲಿರುತ್ತಿದ್ದ, ಗೊರಕೆ ಕೇಳಿದರಷ್ಟೇ ಮರಿಗಳು ಮಲಗುತ್ತಿದ್ದವು ಎಂದೆ. ಆಕೆ ನಕ್ಕಳು.

“ಅವರ್ನ ಯಾರೀ ಎಬ್ಬಸ್ತಾರ! ದಿನಾ ಮದ್ದು ಸಿಡಿಯೋದು ಕೇಳೋ ಮನಷ್ಯಾಗ ಕೋಳಿಮರಿ ಯಾವ ಲೆಕ್ಕ? ಮೊದ್ಲ ನಾನೂ ಹೆದರಿದ್ದೆ ಖರೆ.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು: “ರಾತ್ರಿಪಾಳಿ ಇದ್ರ ನನಗ ನಿದ್ದಿ ಬರಂಗಿಲ್ರೀ ಮಾಸ್ತರ್ರ. ಆ ಹೊತ್ತಿನಾಗ ನಿಮ್ಮ ಮರಿ ಒದರತಿದ್ವಲ್ಲ, ನಾ ಒಬ್ಬಾಕೀನ ಎಚ್ಚರಿಲ್ಲ ಅಂತ ಜೀವಕ್ಕ ಸಮಾಧಾನ ಆಗ್ತಿತ್ತು. ಅವನ್ನ ಸುಮ್ಕಿರಸಾಕ ಹೋಗಬ್ಯಾಡ್ರಿ.”

ಮುಂದೆ ಮರಿಗಳಿಗೆ ರೆಕ್ಕೆ ಬಲಿತವು, ಯಾರ ಗೊರಕೆಯೂ ಬೇಡವಾಯಿತು. ತೊಂಬತ್ತರ ದಶಕದಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು. ಹೊರಡುವಾಗ ಕೋಳಿಗಳನ್ನೆಲ್ಲ ಹುಲಿಗೆಮ್ಮನಿಗೇ ಒಪ್ಪಿಸಿದೆವು. ಅವು ಸುಮ್ಮನಾದದ್ದು ಗೊರಕೆಗೋ, ಮತ್ತಾವುದಕ್ಕೋ, ನನಗಿಂದಿಗೂ ಖಚಿತವಿಲ್ಲ. ಕಾರಣವಿಲ್ಲದೆ ಕಾರ್ಯವಿಲ್ಲವೆಂಬ ವಾಕ್ಯವನ್ನು ಆಮೇಲೆ ಕರಿಹಲಗೆಯ ಮೇಲೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದೆ.

ಗಡಿಯಾರ ಮಾತ್ರ ಮರಿಗಳ ಹಿಕ್ಕೆಯ ಆ ಬಿಳಿ ಕಲೆಯೊಂದಿಗೆ ನಮ್ಮಲ್ಲೇ ಉಳಿದಿದೆ. ಗಿರಿಜೆ ನಾಲ್ಕು ದಿನ ತವರಿಗೆ ಹೋದಳೆಂದರೆ ನಾನು ಅದಕ್ಕೆ ಕೀಲಿ ಕೊಟ್ಟು, ಅವಳ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತೇನೆ. ನಿದ್ದೆ ಬರುತ್ತದೆಯೇ ಎನ್ನುತ್ತೀರಾ? ಆ ಮರಿಗಳಿಗೆ ಬಂದಷ್ಟೇ.